ಐವತ್ತಕ್ಕೆ ಮೊದಲೇ ಕೆಲಸ ಬಿಟ್ಟು ಬ್ಯಾಂಕಾಕೋ ಪೆನಾಂಗೋ ಅನ್ನುವವರಿಗೆ

ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಬಾಡಿಗೆ ಎಷ್ಟು, ವಿಯೆಟ್ನಾಮಿನ ಡಾ ನಾಂಗ್‌ನಲ್ಲಿ ಒಂದು ಲೋಟ ಕಾಫಿ ಎಷ್ಟು, ಬೆಂಗಳೂರಿನ ಅರ್ಧ ಖರ್ಚಿನಲ್ಲಿ ಸಮುದ್ರದ ಪಕ್ಕ ಹೇಗಿರಬಹುದು, ಈ ಥರದ ವಿಡಿಯೊಗಳಿಗೆ ಈಗ ಬರವಿಲ್ಲ. ಅವುಗಳಲ್ಲಿ ಹೇಳುವ ಬಾಡಿಗೆ, ಊಟದ ಲೆಕ್ಕ ಹೆಚ್ಚುಕಮ್ಮಿ ಸರಿಯೇ. ಆದರೆ ಭಾರತದ ಪಾಸ್‌ಪೋರ್ಟ್ ಇರುವ, ನಲವತ್ತೈದಕ್ಕೆ ಕೆಲಸ ಬಿಡುವ ಮನುಷ್ಯನಿಗೆ ದೇಶ ಆರಿಸಿಕೊಡುವುದು ಬಾಡಿಗೆಯಲ್ಲ. ಅವನ ವಯಸ್ಸು ಒಂದು, ಅವನ ದುಡ್ಡು ಭಾರತದಿಂದ ಹೊರಗೆ ಹೋಗುವ ದಾರಿ ಇನ್ನೊಂದು. ಈ ಎರಡನ್ನು ಕೊನೆಗೆ ನೋಡುವವರೇ ಜಾಸ್ತಿ, ಪೆಟ್ಟು ತಿನ್ನುವವರೂ ಅವರೇ.

ಮೊದಲು ವಯಸ್ಸಿನ ಮಾತು. ಥಾಯ್ಲೆಂಡಿನ ರಿಟೈರ್‌ಮೆಂಟ್ ವೀಸಾಕ್ಕೆ 50 ತುಂಬಿರಲೇಬೇಕು. ಒಂದು ದಿನ ಕಮ್ಮಿಯಿದ್ದರೂ ಆಗುವುದಿಲ್ಲ. ಅಷ್ಟು ವಯಸ್ಸಾಗದವರಿಗೆ ಅಲ್ಲಿರುವುದು ಮುಖ್ಯವಾಗಿ ಎರಡು ದಾರಿ. ಒಂದು, ಥಾಯ್ಲೆಂಡ್ ಪ್ರಿವಿಲೇಜ್ ಎಂಬ ಸದಸ್ಯತ್ವ. ಅದರ ಗೋಲ್ಡ್ ದರ್ಜೆಗೆ ಐದು ವರ್ಷಕ್ಕೆ 9 ಲಕ್ಷ ಬಾತ್. ಇದು ಠೇವಣಿಯಲ್ಲ, ಶುಲ್ಕ. ಕೊಟ್ಟ ದುಡ್ಡು ಹೋಯಿತು ಅಂತಲೇ ಲೆಕ್ಕ. ಇನ್ನೊಂದು, 2024ರ ಜುಲೈನಲ್ಲಿ ಬಂದ ಡಿಟಿವಿ (ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ): ಐದು ವರ್ಷದ ವೀಸಾ, ಪ್ರತಿ ಸಲ ಒಳಗೆ ಬಂದಾಗ 180 ದಿನ, ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಕೇಳಲು ಚೆನ್ನಾಗಿದೆ. ಆದರೆ ಅದು ಹೊರದೇಶದ ಕಂಪನಿಗೆ ಲ್ಯಾಪ್‌ಟಾಪಿನಲ್ಲಿ ದುಡಿಯುವವರಿಗೆ, ಇಲ್ಲವೇ ಮುವಾಯ್ ಥಾಯ್ ಬಾಕ್ಸಿಂಗ್, ಥಾಯ್ ಅಡುಗೆ ಕಲಿಯಲು ಬರುವಂಥವರಿಗೆ ಮಾಡಿದ್ದು. ಕೆಲಸ ಬಿಟ್ಟವನ ಹತ್ತಿರ ಕಂಪನಿಯ ಪತ್ರ ಎಲ್ಲಿಂದ ಬರಬೇಕು? ನಲವತ್ತೆಂಟನೇ ವಯಸ್ಸಿನಲ್ಲಿ ಬಾಕ್ಸಿಂಗ್ ಕಲಿಯುತ್ತೇನೆ ಅನ್ನುವ ಧೈರ್ಯವಿದ್ದರೆ ಬೇರೆ ಮಾತು.

ಫಿಲಿಪ್ಪೀನ್ಸ್ ಇಲ್ಲಿ ಹೆಚ್ಚು ಉದಾರಿ. ಒಂದು ಕಾಲಕ್ಕೆ 35ಕ್ಕೇ ಅಲ್ಲಿ ನಿವೃತ್ತರ ವೀಸಾ ಸಿಗುತ್ತಿತ್ತು. ನಡುವೆ 50ಕ್ಕೆ ಏರಿಸಿ, 2025ರ ಸೆಪ್ಟೆಂಬರಿನಿಂದ 40ಕ್ಕೆ ಇಳಿಸಿದ್ದಾರೆ. 40ರಿಂದ 49ರವರು ಪಿಂಚಣಿ ಇಲ್ಲದಿದ್ದರೆ 50,000 ಡಾಲರ್ ಠೇವಣಿ ಇಡಬೇಕು, 50 ದಾಟಿದವರು 30,000. ಪಿಂಚಣಿ ಇದ್ದರೆ ಈ ಮೊತ್ತ ಅರ್ಧ. ಆದರೆ ಪಿಂಚಣಿ ಎಂದರೆ ಜೀವನಪೂರ್ತಿ ತಿಂಗಳು ತಿಂಗಳು ಬರುವ ಪಿಂಚಣಿ. ಐಟಿಯವರು ಮ್ಯೂಚುವಲ್ ಫಂಡಿನಿಂದ ತಿಂಗಳಿಗಿಷ್ಟು ಅಂತ ತೆಗೆದುಕೊಳ್ಳುವ ಎಸ್‌ಡಬ್ಲ್ಯೂಪಿ ಪಿಂಚಣಿಯಲ್ಲ, ಅದನ್ನು ನಂಬಿಕೊಂಡು ಅರ್ಜಿ ತುಂಬಬೇಡಿ. ಈ ವೀಸಾದ ದೊಡ್ಡ ಗುಣವೆಂದರೆ ವರ್ಷಕ್ಕೆ ಇಷ್ಟು ದಿನ ಅಲ್ಲೇ ಇರಬೇಕು ಅನ್ನುವ ಕಟ್ಟುಪಾಡಿಲ್ಲ, ವೀಸಾ ಬಿಟ್ಟುಕೊಟ್ಟರೆ ಠೇವಣಿ ವಾಪಸ್ ಬರುತ್ತದೆ.

ಮಲೇಷ್ಯಾದ 'ಸೆಕೆಂಡ್ ಹೋಮ್' ಯೋಜನೆಯನ್ನು ಹತ್ತು ವರ್ಷದ ಹಿಂದಿನ ಬರಹ ಓದಿ ನಂಬಬೇಡಿ. 2021ರಲ್ಲಿ ಒಮ್ಮೆ ಬಿಗಿ ಮಾಡಿದರು, 2024ರಲ್ಲಿ ಮತ್ತೆ ತಿರುಗಿಸಿ ಬರೆದರು. ಈಗ 25 ತುಂಬಿದವರು ಯಾರು ಬೇಕಾದರೂ ಅರ್ಜಿ ಹಾಕಬಹುದು. 50ರ ಒಳಗಿನವರು ವರ್ಷಕ್ಕೆ 90 ದಿನ ಅಲ್ಲಿರಬೇಕು. ಕೆಳಗಿನ ಸಿಲ್ವರ್ ದರ್ಜೆಗೇ 1,50,000 ಡಾಲರ್ ಠೇವಣಿ, ಜೊತೆಗೆ ಕನಿಷ್ಠ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಲೇಬೇಕು. ಆ ಮನೆಯನ್ನು ಹತ್ತು ವರ್ಷ ಮಾರುವಂತಿಲ್ಲ. ಇಷ್ಟಕ್ಕೆ ಸಿಗುವುದು ಐದು ವರ್ಷದ ವೀಸಾ. ಒಂದು ವರ್ಷ ಕಳೆದ ಮೇಲೆ ಠೇವಣಿಯ ಅರ್ಧದವರೆಗೆ ಮನೆ, ಆಸ್ಪತ್ರೆ, ಮಕ್ಕಳ ಓದಿಗೆ ತೆಗೆಯಬಹುದು.

ಈ ಸಿಲ್ವರ್ ಲೆಕ್ಕವನ್ನು ಒಮ್ಮೆ ನಮ್ಮ ಕಡೆಯಿಂದ ನೋಡಿ. ಡಾಲರಿಗೆ 90 ರೂಪಾಯಿಯಂತೆ ಠೇವಣಿ 1 ಕೋಟಿ 35 ಲಕ್ಷ, ಮನೆಗೆ ಇನ್ನು ಸುಮಾರು 1 ಕೋಟಿ 30 ಲಕ್ಷ. ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ನಿಯಮದ ಪ್ರಕಾರ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಹೊರಗೆ ಕಳಿಸಬಹುದಾದದ್ದು 2,50,000 ಡಾಲರ್. ಠೇವಣಿ ಮತ್ತು ಮನೆ ಸೇರಿದರೆ ಆ ಮಿತಿ ದಾಟುತ್ತದೆ. ಅಂದರೆ ಒಬ್ಬರ ಹೆಸರಿನಲ್ಲಿ ಒಂದೇ ವರ್ಷದಲ್ಲಿ ಇದು ಮುಗಿಯುವ ಕೆಲಸವೇ ಅಲ್ಲ. ಸಾಲದ್ದಕ್ಕೆ 10 ಲಕ್ಷ ದಾಟಿದ ಮೊತ್ತಕ್ಕೆ ಬ್ಯಾಂಕು 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. ಬರೀ ಠೇವಣಿಯ ಮೇಲೆಯೇ 25 ಲಕ್ಷ. ರಿಟರ್ನ್ ಸಲ್ಲಿಸಿದರೆ ಅದು ವಾಪಸ್ ಬರುತ್ತದೆ ಅನ್ನುವುದು ನಿಜ, ಆದರೆ ಅಲ್ಲಿಯವರೆಗೆ ಆ 25 ಲಕ್ಷವನ್ನು ಬೇರೆ ಕಡೆಯಿಂದ ಹೊಂದಿಸಬೇಕು. ಮೂರು ಕೋಟಿ ಇಟ್ಟುಕೊಂಡು ಬೇಗ ರಿಟೈರ್ ಆದವನು ಎರಡೂವರೆ ಕೋಟಿಗೂ ಮಿಕ್ಕಿ ಒಂದೇ ದೇಶದಲ್ಲಿ ಹೂತಿಟ್ಟರೆ ಊಟಕ್ಕೆ ಉಳಿಯುವುದೆಷ್ಟು? ಮಲೇಷ್ಯಾ ಇರಲು ಒಳ್ಳೆಯ ದೇಶ, ಈ ಯೋಜನೆ ಹತ್ತು ಕೋಟಿಯವರದ್ದು. ಇದು ನನ್ನ ಖಚಿತ ಅಭಿಪ್ರಾಯ.

ಬಾಲಿಯ ಕತೆ ಬೇಗ ಮುಗಿಸುತ್ತೇನೆ. ಸೆಕೆಂಡ್ ಹೋಮ್ ವೀಸಾಕ್ಕೆ ಅಲ್ಲಿಯ ಸರ್ಕಾರಿ ಬ್ಯಾಂಕಿನಲ್ಲಿ 200 ಕೋಟಿ ರುಪಿಯಾ, ನಮ್ಮ ಒಂದು ಕೋಟಿ ರೂಪಾಯಿಗೂ ಮೇಲೆ. ವಿದೇಶಿಯರಿಗೆ ಪೂರ್ಣ ಒಡೆತನದ ಭೂಮಿ ಇಲ್ಲ. ಸ್ಥಳೀಯರೊಬ್ಬರ ಹೆಸರಿನಲ್ಲಿ ವಿಲ್ಲಾ ಕೊಳ್ಳಿಸುವ ಏಜೆಂಟರು ಬೀದಿಗೊಬ್ಬರಿದ್ದಾರೆ, ಅವರ ಕರಾರು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ವಿಯೆಟ್ನಾಮಿನಲ್ಲಿ ನಿವೃತ್ತರ ವೀಸಾ ಅನ್ನುವುದೇ ಇಲ್ಲ. 90 ದಿನದ ಇ-ವೀಸಾ ಮುಗಿದಾಗ ಹೊರಹೋಗಿ ಹೊಸದು ಹಿಡಿದು ಬರಬೇಕು. ಒಂದು ಚಳಿಗಾಲ ಕಳೆಯಲು ಸೊಗಸು, ಬದುಕು ಕಟ್ಟಲು ಅಲ್ಲ. ಲಾವೋಸನ್ನು ಬಿಟ್ಟೇಬಿಡಿ, ಅಲ್ಲಿಯವರೇ ದೊಡ್ಡ ಕಾಯಿಲೆಗೆ ಮೆಕಾಂಗ್ ದಾಟಿ ಥಾಯ್ಲೆಂಡಿನ ಉಡೋನ್ ಥಾನಿಗೆ ಬರುತ್ತಾರೆ.

50 ದಾಟಿದ್ದರೆ ನನ್ನ ಓಟು ಥಾಯ್ಲೆಂಡಿಗೆ. ಕಾರಣ ಸರಳ: ಇಡಬೇಕಾದ 8 ಲಕ್ಷ ಬಾತ್ ನಿಮ್ಮದೇ ಖಾತೆಯಲ್ಲಿ, ನಿಮ್ಮದೇ ಹೆಸರಿನಲ್ಲಿ ಇರುತ್ತದೆ, ಬೇಡವೆನಿಸಿದ ದಿನ ತೆಗೆದುಕೊಂಡು ಹೊರಡಬಹುದು. ಮಾಮೂಲಿ ಕ್ರಮ ಹೀಗಿದೆ: ಮೊದಲು 90 ದಿನದ ನಾನ್-ಇಮಿಗ್ರೆಂಟ್ ಒ ವೀಸಾ, ಅದು ಮುಗಿಯುವ ಕೊನೆಯ 30 ದಿನದೊಳಗೆ ಒಂದು ವರ್ಷದ ವಿಸ್ತರಣೆಗೆ ಅರ್ಜಿ, ಶುಲ್ಕ 1,900 ಬಾತ್. 8 ಲಕ್ಷ ಅರ್ಜಿಯ ದಿನಕ್ಕೆ ಎರಡು ತಿಂಗಳು ಮೊದಲೇ ಖಾತೆಯಲ್ಲಿ ಕೂತಿರಬೇಕು, ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು ಹಾಗೇ ಇರಬೇಕು, ಆಮೇಲೆ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು.

ಎಡವುವುದು ಸಣ್ಣ ಸಣ್ಣ ಕಡೆ. ಸರಿಯಾಗಿ 8,00,000 ಇಟ್ಟಿರುತ್ತಾರೆ, ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ ಅಂತ ಬ್ಯಾಂಕು ಮುನ್ನೂರು ಬಾತ್ ಕತ್ತರಿಸುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದು ದಿನ 7,99,700 ಎಂದು ಅಚ್ಚಾದರೆ ಎರಡು ತಿಂಗಳ ಲೆಕ್ಕ ಮತ್ತೆ ಸೊನ್ನೆಯಿಂದ. ಅದಕ್ಕೇ ಆ ಖಾತೆಗೆ ಕಾರ್ಡೇ ಬೇಡ, ಹತ್ತು ಸಾವಿರ ಬಾತ್ ಹೆಚ್ಚಿಗೆ ಇಟ್ಟು ಮುಟ್ಟದೆ ಬಿಡಿ, ದಿನದ ಖರ್ಚಿಗೆ ಬೇರೆ ಖಾತೆ ಇರಲಿ. ಅರ್ಜಿ ಕೊಡುವ ಬೆಳಗ್ಗೆಯೇ ಬ್ಯಾಂಕಿಗೆ ಹೋಗಿ ನೂರು ಬಾತ್ ಹಾಕಿ ಪಾಸ್‌ಬುಕ್ ಅಪ್‌ಡೇಟ್ ಮಾಡಿಸಿ, ಅದೇ ದಿನದ ತಾರೀಖಿನ ಬ್ಯಾಂಕ್ ಪತ್ರ ತಗೊಳ್ಳಿ. ನಿನ್ನೆಯ ಪತ್ರ ಒಯ್ದರೆ ಅನೇಕ ಕಚೇರಿಗಳಲ್ಲಿ ವಾಪಸ್ ಕಳಿಸುತ್ತಾರೆ. ಮನೆ ಮಾಲೀಕ ನಿಮ್ಮ ವಿಳಾಸವನ್ನು 24 ಗಂಟೆಯೊಳಗೆ ಇಮಿಗ್ರೇಷನ್ನಿಗೆ ತಿಳಿಸಿದ ಟಿಎಂ30 ರಸೀದಿ ಇಲ್ಲದಿದ್ದರೆ ಕೌಂಟರಿನಲ್ಲಿ ಮಾತೇ ಮುಂದೆ ಹೋಗುವುದಿಲ್ಲ. ಹಾಗಾಗಿ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮಾಲೀಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಟಿಎಂ30 ಹಾಕಿಕೊಡುತ್ತೀರಾ ಅನ್ನುವುದು. ಇದಲ್ಲದೆ 90 ದಿನಕ್ಕೊಮ್ಮೆ ವಿಳಾಸದ ವರದಿ, ಮರೆತರೆ 2,000 ಬಾತ್ ದಂಡ.

ಎಲ್ಲಕ್ಕಿಂತ ದುಬಾರಿ ತಪ್ಪು ದೇಶ ಬಿಟ್ಟು ಮತ್ತೆ ಒಳಗೆ ಬರಲು ಬೇಕಾದ ರೀ-ಎಂಟ್ರಿ ಪರ್ಮಿಟ್ಟಿನದ್ದು. ಊರಲ್ಲಿ ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬರುತ್ತದೆ, ಸಿಕ್ಕ ವಿಮಾನಕ್ಕೆ ಹತ್ತುತ್ತಾರೆ. ಪರ್ಮಿಟ್ ಇಲ್ಲದೆ ದೇಶ ಬಿಟ್ಟ ಕ್ಷಣಕ್ಕೆ ಇಡೀ ವರ್ಷದ ವಿಸ್ತರಣೆ ರದ್ದು. ಒಂದು ಸಲದ ಪರ್ಮಿಟ್ಟಿಗೆ 1,000 ಬಾತ್, ಹಲವು ಸಲದ್ದಕ್ಕೆ 3,800. ವಿಸ್ತರಣೆ ಸಿಕ್ಕ ದಿನವೇ 3,800 ಕಟ್ಟಿಬಿಡಿ. ಮರೆತಿದ್ದರೆ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಡುವಾಗಲೂ ಮಾಡಿಸಬಹುದು, ಸ್ವಲ್ಪ ಮುಂಚೆ ಹೋಗಿ.

ಆ 8 ಲಕ್ಷ ಬಾತ್ ಎಂದರೆ ಈಗ 22 ಲಕ್ಷ ರೂಪಾಯಿಯ ಆಸುಪಾಸು. ಒಂದೇ ವರ್ಷದಲ್ಲಿ ಕಳಿಸಿದರೆ 12 ಲಕ್ಷದ ಮೇಲೆ ಟಿಸಿಎಸ್, 2 ಲಕ್ಷ 40 ಸಾವಿರ. ಮಾರ್ಚ್ ಕೊನೆಗೆ ಹತ್ತು, ಏಪ್ರಿಲ್ ಮೊದಲಿಗೆ ಹನ್ನೆರಡು ಕಳಿಸಿದರೆ ಬರೀ 40 ಸಾವಿರ. ಹೋಗಿ ನೆಲೆಸಿ ನಿಮ್ಮ ಖಾತೆ ಎನ್‌ಆರ್‌ಒ (ಅನಿವಾಸಿಗಳ ಇಲ್ಲಿಯ ಖಾತೆ) ಆದ ಮೇಲೆ ಈ ಟಿಸಿಎಸ್ ರಗಳೆಯೇ ಇಲ್ಲ, ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಇಟ್ಟು ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಕಳಿಸಬಹುದು.

ಹಾಗಂತ ಎನ್‌ಆರ್‌ಐ ಆಗುವುದು ಲಾಭ ಅಂದುಕೊಳ್ಳಬೇಡಿ. ದುಬೈಗೆ ದುಡಿಯಲು ಹೋದವರ ಲೆಕ್ಕ ಬೇರೆ, ಭಾರತದ ಬಡ್ಡಿ ತಿಂದು ಹೊರಗೆ ಬದುಕುವವರ ಲೆಕ್ಕ ಬೇರೆ. ವರ್ಷಕ್ಕೆ 10 ಲಕ್ಷ ಎಫ್‌ಡಿ ಬಡ್ಡಿ ಬರುವ ಮನುಷ್ಯ ಭಾರತದ ನಿವಾಸಿಯಾಗಿದ್ದರೆ ಹೊಸ ತೆರಿಗೆ ಪದ್ಧತಿಯಲ್ಲಿ ಒಂದು ಪೈಸೆ ತೆರಿಗೆಯಿಲ್ಲ, 12 ಲಕ್ಷದವರೆಗಿನ ರಿಬೇಟ್ ಇದೆ. ಆ ರಿಬೇಟ್ ನಿವಾಸಿಗಳಿಗೆ ಮಾತ್ರ. ಅದೇ ಮನುಷ್ಯ ಎನ್‌ಆರ್‌ಐ ಆದರೆ 41,600 ರೂಪಾಯಿ ತೆರಿಗೆ. ಅದಕ್ಕೂ ಮೊದಲು ಬ್ಯಾಂಕು ಬಡ್ಡಿಯಲ್ಲಿ 31.2% ಟಿಡಿಎಸ್ ಹಿಡಿದುಕೊಂಡಿರುತ್ತದೆ, ಉಳಿದದ್ದು ರೀಫಂಡ್ ಬರುವವರೆಗೆ ಕಾಯಬೇಕು. ಬೆಂಗಳೂರಿನ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆದಾರನೂ ಅಷ್ಟೇ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಈ ವಿಷಯ ಗೊತ್ತಿರುವ ಬಾಡಿಗೆದಾರ ಸಿಗುವುದು ಅಪರೂಪ, ಗೊತ್ತಾದವನು ಬೇರೆ ಮನೆ ನೋಡುತ್ತಾನೆ. ಹೋಗುವ ವರ್ಷ ಏಪ್ರಿಲ್‌ನಿಂದ 60 ದಿನ ಇಲ್ಲಿದ್ದರೆ ಆ ವರ್ಷಕ್ಕೆ ನೀವು ನಿವಾಸಿಯೇ. ನೌಕರಿಗೆ ಹೋಗುವವರಿಗಿರುವ 182 ದಿನದ ರಿಯಾಯಿತಿ ರಿಟೈರ್ ಆಗಿ ಹೋಗುವವರಿಗಿಲ್ಲ. ಆಗ ಹೊರದೇಶದ ಖಾತೆಯನ್ನು ರಿಟರ್ನಿನಲ್ಲಿ ತೋರಿಸಬೇಕು, ಮರೆತರೆ ಕಪ್ಪುಹಣ ಕಾಯಿದೆಯಡಿ 10 ಲಕ್ಷದ ದಂಡಕ್ಕೆ ದಾರಿಯಿದೆ.

ಥಾಯ್ಲೆಂಡಿನ ಕಡೆಯೂ ತೆರಿಗೆ ಇದೆ. ವರ್ಷಕ್ಕೆ 180 ದಿನ ಇದ್ದವರು ಹೊರಗಿನ ಆದಾಯವನ್ನು ಒಳಗೆ ತಂದರೆ 2024ರಿಂದ ತೆರಿಗೆ ಬೀಳುತ್ತದೆ. 2024ಕ್ಕೆ ಮೊದಲು ಗಳಿಸಿದ ಹಣಕ್ಕೆ ಇಲ್ಲ. ಆದ್ದರಿಂದ 2023ರ ಡಿಸೆಂಬರ್ 31ರ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿಡಿ, ಹಳೆಯ ಉಳಿತಾಯವನ್ನು ಹೊಸ ಬಡ್ಡಿಯ ಜೊತೆ ಒಂದೇ ಖಾತೆಯಲ್ಲಿ ಕಲಸಬೇಡಿ. ಮಲೇಷ್ಯಾದಲ್ಲಿ ವ್ಯಕ್ತಿಗಳ ವಿದೇಶಿ ಆದಾಯಕ್ಕೆ 2036ರ ಕೊನೆಯವರೆಗೆ ವಿನಾಯಿತಿ ಇದೆ.

ಇನ್ನೊಂದು ಮಾತು, ಮುಂದೆ ವಾಪಸ್ ಬಂದು ತೋಟ ಮಾಡುವ ಆಸೆಯಿರುವವರಿಗೆ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ ಕೃಷಿಕರಲ್ಲದವರಿಗೂ ಜಮೀನು ಕೊಳ್ಳಲು ಬಿಟ್ಟಿದೆ. ಆದರೆ ವಿದೇಶಿ ವಿನಿಮಯದ ಕಾಯಿದೆಯಾದ ಫೆಮಾ ಪ್ರಕಾರ ಎನ್‌ಆರ್‌ಐ ಆದವರು ಕೃಷಿ ಭೂಮಿ, ಕಾಫಿ ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮೊದಲೇ ಇದ್ದದ್ದು, ಪಿತ್ರಾರ್ಜಿತವಾಗಿ ಬಂದದ್ದು ಉಳಿಯುತ್ತದೆ. ಕೊಳ್ಳುವುದಿದ್ದರೆ ಹೊರಡುವ ಮೊದಲು.

ಅಗ್ಗ ಅನ್ನುವುದೂ ನಿಲ್ಲುವ ಮಾತಲ್ಲ. ಹತ್ತು ವರ್ಷದ ಹಿಂದೆ ಎರಡು ರೂಪಾಯಿಗೆ ಒಂದು ಬಾತ್ ಬರುತ್ತಿತ್ತು, ಈಗ ಎರಡೂವರೆ ದಾಟಿದೆ. ಡಾಲರ್ 65ರಿಂದ 90ಕ್ಕೆ ಬಂದಿದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂದವರಿಗೆ ರೂಪಾಯಿ ಇಳಿಯುವ ಲೆಕ್ಕ ಗೊತ್ತಿರಲಿಲ್ಲ, ಕುಡಿಕೆಯೇ ಕುಗ್ಗುತ್ತದೆ. ಅಲ್ಲಿಯ ಬೆಲೆಯೇರಿಕೆಯ ಮೇಲೆ ವರ್ಷಕ್ಕೆ ಮೂರು ಪರ್ಸೆಂಟ್ ರೂಪಾಯಿ ಇಳಿತವನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಸಸ್ಯಾಹಾರಿಗಳಿಗೆ ಮಲೇಷ್ಯಾದಷ್ಟು ಸಲೀಸು ಇನ್ನೆಲ್ಲೂ ಇಲ್ಲ, ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸಿನಲ್ಲಿ ಬಾಳೆಎಲೆ ಊಟವೇ ಸಿಗುತ್ತದೆ. ಮಲಯ್ ಸಾಂಬಲ್ ಚಟ್ನಿಯಲ್ಲಿ ಮಾತ್ರ ಬೆಲಚಾನ್ ಎಂಬ ಒಣ ಸೀಗಡಿ ಮುದ್ದೆ ಇರುತ್ತದೆ, ಕೇಳಿಯೇ ತಿನ್ನಿ. ಥಾಯ್ಲೆಂಡಿನಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ರಸ ಹಾಕುತ್ತಾರೆ, ವೆಜಿಟೇರಿಯನ್ ಅಂದರೆ ಸಾಲದು. 'ಜೇ' ಅನ್ನಬೇಕು. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಹಾಗೆ ಬರೆದಿರುವ ಅಂಗಡಿಯಲ್ಲಿ ಮಾಂಸ, ಮೊಟ್ಟೆ ಬಿಡಿ, ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ನಮ್ಮ ಮಡಿಯವರಿಗೂ ನಡೆಯುತ್ತದೆ. ಫಿಲಿಪ್ಪೀನ್ಸಿನಲ್ಲಿ ಇಂಗ್ಲಿಷ್ ಸುಲಭ, ಸಸ್ಯಾಹಾರ ಕಷ್ಟ, ಮನೆಯಲ್ಲೇ ಅಡುಗೆ ಅಂತ ತೀರ್ಮಾನಿಸಿಕೊಂಡು ಹೋಗಿ.

ಯಾವ ದೇಶವಾದರೂ ಮೊದಲ ಎರಡು ವರ್ಷ ಬಾಡಿಗೆಗೇ ಇರಿ. ಥಾಯ್ಲೆಂಡಿನಲ್ಲಿ ಕಾಂಡೊ ಕಟ್ಟಡದ 49% ಜಾಗ ಮಾತ್ರ ವಿದೇಶಿಯರಿಗೆ, ಮಾರುವಾಗ ಗಿರಾಕಿ ಸುಲಭಕ್ಕೆ ಸಿಗುವುದಿಲ್ಲ. ನೋಡಲು ಹೋಗುವುದಿದ್ದರೆ ಆ ಊರಿನ ಕೆಟ್ಟ ತಿಂಗಳಿಗೆ ಹೋಗಿ. ಚಿಯಾಂಗ್ ಮಾಯ್‌ಗೆ ಮಾರ್ಚ್‌ನಲ್ಲಿ, ಗದ್ದೆ ಕಾಡು ಸುಡುವ ಹೊಗೆಗೆ ಎದುರಿನ ದೋಯ್ ಸುತೇಪ್ ಬೆಟ್ಟವೇ ಕಾಣದಿರುವಾಗ. ಡಾ ನಾಂಗ್‌ಗೆ ಅಕ್ಟೋಬರಿನ ನೆರೆಯಲ್ಲಿ. ಫಿಲಿಪ್ಪೀನ್ಸಿನ ಸೆಬುವಿಗೆ ಚಂಡಮಾರುತದ ಡಿಸೆಂಬರಿನಲ್ಲಿ. ಸುಮಾತ್ರಾದ ಹೊಗೆ ಬರುವ ವರ್ಷವಾದರೆ ಕ್ವಾಲಾಲಂಪುರಕ್ಕೆ ಸೆಪ್ಟೆಂಬರಿನಲ್ಲಿ.

ಹೊರಟ ಮೇಲೂ ಇಲ್ಲಿಯ ಆರೋಗ್ಯ ವಿಮೆಯ ಕಂತು ನಿಲ್ಲಿಸಬೇಡಿ. ಅಲ್ಲಿಯ ವಿಮೆಯವರು ಶುಗರ್, ಬಿಪಿ ಇದ್ದರೆ ಅದಕ್ಕೆ ಸಂಬಂಧಿಸಿದ್ದನ್ನೆಲ್ಲ ಹೊರಗಿಡುತ್ತಾರೆ, ವಯಸ್ಸಾದಂತೆ ಕಂತು ಏರಿಸುತ್ತಾರೆ. ಅರವತ್ತಕ್ಕೆ ವಾಪಸ್ ಬಂದು ಇಲ್ಲಿ ಹೊಸ ಪಾಲಿಸಿ ಕೇಳಿದರೆ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಬಳಸದ ಪಾಲಿಸಿಗೆ ಹತ್ತು ವರ್ಷ ದುಡ್ಡು ಸುರಿದೆವಲ್ಲ ಅನಿಸುತ್ತದೆ, ಅನಿಸಲಿ, ಕಟ್ಟುತ್ತಿರಿ.