ಹಿಂದಿನ ಜೀಪಿಗೆ ಕೇಳಿಸಿದರೆ ಸಾಕು

ನಮ್ಮ ಕೊಡಗಿನಲ್ಲಿ ಜೀಪು ಇಟ್ಟುಕೊಂಡವರು ಎರಡು ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ. ಒಂದು ಟಯರು, ಇನ್ನೊಂದು ಜೀಪಿನಿಂದ ಜೀಪಿಗೆ ಮಾತಾಡುವ ರೇಡಿಯೋ. ಟಯರಿನ ಜಗಳ ಹಳೆಯದು, ಅದಕ್ಕೆ ಪರಿಹಾರವಿಲ್ಲವೆಂದು ಎಲ್ಲರೂ ಒಪ್ಪಿಯಾಗಿದೆ. ರೇಡಿಯೋ ಜಗಳ ಈಚಿನದು. ತೋಟದ ಕೆಸರಿನಲ್ಲಿ ಆಫ್‌ರೋಡ್ ಹೋಗುವ ಹುಚ್ಚು ಹತ್ತಿದವರು ನಾಲ್ಕು ಜನ ಕೂತಿರುವಾಗ ಯಾರಾದರೂ "ಕಡಿಮೆಗೆ ಒಳ್ಳೇ ಸಿಬಿ ರೇಡಿಯೋ ಯಾವುದು ಮಾರಾಯ?" ಎಂದರೆ ಮುಗಿಯಿತು, ಮನೆಯವರು ಕಾಫಿಗೆ ಇನ್ನೊಂದು ಸಲ ಹಾಲು ಕಾಯಿಸಬೇಕು.

ಮೊಬೈಲ್ ಇಲ್ಲವೇ ಎಂದು ಕೇಳುವವರು ಬಯಲುಸೀಮೆಯವರು. ಇಲ್ಲಿ ಗುಡ್ಡದ ಒಂದು ಮಗ್ಗುಲಲ್ಲಿ ಸಿಗ್ನಲ್ಲು, ಇನ್ನೊಂದು ಮಗ್ಗುಲಲ್ಲಿ ಜಿಗಣೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಕರೆಂಟಿನ ಜೊತೆ ಫೋನೂ ಹೋಗಿ ಜನ ಪಟ್ಟ ಪಾಡು ಯಾರೂ ಮರೆತಿಲ್ಲ. ಸಿಗ್ನಲ್ ಇದ್ದರೂ ಫೋನು ಒಬ್ಬರಿಂದೊಬ್ಬರಿಗೆ ಮಾತ್ರ. ಮುಂದಿನವನು ಗುಂಡಿಗೆ ಇಳಿದದ್ದು ಹಿಂದಿರುವ ಅಷ್ಟೂ ಜೀಪಿಗೆ ಒಟ್ಟಿಗೆ ಗೊತ್ತಾಗಬೇಕೆಂದರೆ ರೇಡಿಯೋನೇ ಆಗಬೇಕು.

ಸಿಬಿ, ಅಂದರೆ ಸಿಟಿಜನ್ಸ್ ಬ್ಯಾಂಡ್ ಎಂಬುದು ಅಮೆರಿಕದಲ್ಲಿ 1958ರಲ್ಲಿ 27 ಮೆಗಾಹರ್ಟ್ಸ್‌ಗೆ ಬಂದ ಜನಸಾಮಾನ್ಯರ ರೇಡಿಯೋ. 1973ರ ತೈಲ ಬಿಕ್ಕಟ್ಟಿನಲ್ಲಿ ಲಾರಿಯವರು ಡೀಸೆಲ್ ಎಲ್ಲಿದೆ, ಪೊಲೀಸ್ ಎಲ್ಲಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಹಿಡಿದದ್ದೇ ಅದಕ್ಕೆ ಯೋಗ ಕೂಡಿಬಂತು. 1977ರಲ್ಲಿ 23 ಚಾನೆಲ್ ಹೋಗಿ 40 ಆಯಿತು. ನಮ್ಮ ಸರ್ಕಾರ 2005ರಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ತರಂಗಪಟ್ಟಿಯನ್ನು ಲೈಸೆನ್ಸಿನಿಂದ ಬಿಟ್ಟಿತು. 5 ವಾಟ್ ಮೀರಬಾರದು, ಆಂಟೆನಾ ಸೆಟ್ಟಿನದೇ ಅಂಗವಾಗಿರಬೇಕು ಎಂಬ ಕಟ್ಟುಪಾಡಿನೊಂದಿಗೆ. ಲೆಕ್ಕ ಹಾಕಿದರೆ ಅಮೆರಿಕದ 40 ಚಾನೆಲ್ಲಿನಲ್ಲಿ ಮೊದಲ 27 ಮಾತ್ರ ಈ ಬೇಲಿಯೊಳಗೆ ಬೀಳುತ್ತವೆ. 28ನೆಯದು 27.285ರಲ್ಲಿ, ಕೂದಲೆಳೆಯಷ್ಟು ಹೊರಗೆ. ಅಲ್ಲಿನ ನೆಂಟರು ಸೂಟ್‌ಕೇಸಿನಲ್ಲಿ ತಂದುಕೊಟ್ಟ ಸೆಟ್ಟಿನ ಕೊನೆಯ 13 ಚಾನೆಲ್ ನಮಗೆ ಅಲಂಕಾರಕ್ಕೆ.

ಇದನ್ನೆಲ್ಲ ಹೇಳಿದರೆ ನಮ್ಮೂರಿನವರಿಗೆ ನಗು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಡ. ಆ ವಿನಾಯಿತಿಯನ್ನು 2019ರಲ್ಲಿ 2029ರವರೆಗೆ ಮುಂದುವರಿಸಿದ್ದಾರೆ. ಆದರೆ ಅದೇ ಮನೆಯ ಹುಡುಗ ಆನ್‌ಲೈನಿನಲ್ಲಿ ಕಂಡ ಅಗ್ಗದ ವಾಕಿಟಾಕಿ ತರಿಸಿ, ಹವ್ಯಾಸಿ ರೇಡಿಯೋದ ಹ್ಯಾಮ್‌ನವರ ಪಟ್ಟಿಯಲ್ಲೋ ಪೊಲೀಸರ ಪಟ್ಟಿಯಲ್ಲೋ ಗುಂಡಿ ಒತ್ತಿದರೆ ಅಪರಾಧ. ಗೋಡೆಯ ಮೇಲೆ ಕೋವಿ ಇರಬಹುದು, ಮೇಜಿನ ಮೇಲಿನ ಬೊಂಬೆಯಂಥ ಸೆಟ್ಟಿಗೆ ಕಾಗದ ಬೇಕು! 2025ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಸೆಟ್ಟು ಮಾರುವ ಆನ್‌ಲೈನ್ ಅಂಗಡಿಗಳಿಗೆ ನಿಯಮವನ್ನೇ ಮಾಡಿತು. ಹಾಗಾಗಿ ಬೆಲೆ ನೋಡುವ ಮೊದಲು ಯಾವ ಫ್ರೀಕ್ವೆನ್ಸಿ ಎಂದು ಬರೆದಿದ್ದಾರೆಯೇ, ಇಟಿಎ ಎಂಬ ಸರ್ಕಾರಿ ಅನುಮೋದನೆ ಇದೆಯೇ ಎಂದು ನೋಡುವುದು ಒಳ್ಳೆಯದು. ಬರೆದಿಲ್ಲವಾದರೆ ಆ ಅಗ್ಗ ಅಗ್ಗವಲ್ಲ.

ನಮ್ಮ ಭಾವನಿಗೆ ಮಾತ್ರ ಕ್ರೋಮ್ ಹೊಳೆಯುವ ದೊಡ್ಡ ಸೆಟ್ಟೇ ಬೇಕಿತ್ತು, ಬಂಪರಿಗೆ ಉದ್ದನೆಯ ಕಡ್ಡಿ ಆಂಟೆನಾ ಸಮೇತ.

"ಎಷ್ಟು ದೂರ ಕೇಳಿಸ್ಬೇಕು ಭಾವ ನಿಮಗೆ?"

"ಕೋಟೆಬೆಟ್ಟದಲ್ಲಿ ಮಾತಾಡಿದ್ರೆ ಮಡಿಕೇರಿಗೆ ಕೇಳಿಸ್ಬೇಕು."

"ಮಡಿಕೇರೀಲಿ ಅಕ್ಕ ಇದ್ದಾಳಲ್ಲ."

ಭಾವ ಸ್ವಲ್ಪ ಯೋಚಿಸಿ, "ಹಿಂದಿನ ಜೀಪಿಗೆ ಕೇಳಿಸಿದ್ರೆ ಸಾಕು ಬಿಡು" ಎಂದರು.

ನನ್ನ ವಾದವೂ ಅಷ್ಟೇ. ಹತ್ತು ಜೀಪಿನ ಸಾಲು ಎಷ್ಟು ಹಿಗ್ಗಿದರೂ ತಲೆಯಿಂದ ಬಾಲಕ್ಕೆ ಒಂದು ಕಿಲೋಮೀಟರು. ಅಮೆರಿಕದಲ್ಲೂ, ದನಿಯ ಏರಿಳಿತವನ್ನು ಅಲೆಯ ಬಲದ ಏರಿಳಿತವಾಗಿ ಕಳಿಸುವ ಎಎಂ ಸೆಟ್ಟಿಗೆ ಕಾನೂನು ಕೊಡುವುದು 4 ವಾಟ್. ಯೂನಿಡನ್ ಕಂಪನಿಯ ಅಗ್ಗದ ಪುಟ್ಟ ಸೆಟ್ಟಿಗೂ ಅಷ್ಟೇ, ಅಡಿಗೆ ಮೇಜಿನಷ್ಟು ಗುಂಡಿಗಳಿರುವ ಕೋಬ್ರಾ ಕಂಪನಿಯದಕ್ಕೂ ಅಷ್ಟೇ. ಹೆಚ್ಚು ಕೊಟ್ಟ ದುಡ್ಡಿಗೆ ಸಿಗುವುದು ದೀಪ, ಮೀಟರು, ಗತ್ತು. ದೂರವನ್ನು ನಿರ್ಧರಿಸುವುದು ಆಂಟೆನಾ. 27 ಮೆಗಾಹರ್ಟ್ಸ್‌ನ ಅಲೆ ಸುಮಾರು 11 ಮೀಟರು ಉದ್ದ, ಅದರ ಕಾಲು ಭಾಗವೆಂದರೂ 2.7 ಮೀಟರು ಕಡ್ಡಿ. ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿಯ ಕೆಳಗೆ ಅದನ್ನು ನಿಲ್ಲಿಸಿಕೊಂಡು ಹೋದರೆ ಸಾಹುಕಾರರು ಬಳ್ಳಿಯ ಲೆಕ್ಕ ಕೇಳುತ್ತಾರೆ. ಮೇಲಾಗಿ ಅದರ ಕೆಳಗೆ ತಗಡಿನ ಹಾಸು ಬೇಕು, ನಮ್ಮ ಜೀಪಿಗಿರುವುದು ಟಾರ್ಪಾಲಿನ ಹುಡ್ಡು. ಕಡ್ಡಿಯ ಉದ್ದ ಸರಿ ಇದೆಯೇ ಎಂದು ಆಂಟೆನಾದಿಂದ ಶಕ್ತಿ ಎಷ್ಟು ವಾಪಸು ಬರುತ್ತದೆಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರಿನಲ್ಲಿ ಅಳೆಯಬೇಕು; ಅಳೆಯದೆ ಒತ್ತುತ್ತಾ ಹೋದರೆ ಸೆಟ್ಟಿನ ಟ್ರಾನ್ಸಿಸ್ಟರ್ ಸುಡುವುದೂ ಉಂಟು. ಈ ರಗಳೆಯೆಲ್ಲ ಬೇಡವೆಂದರೆ, ನಿಯಮ ಹೇಳುವ ಹಾಗೆ ಆಂಟೆನಾ ಕೂಡಿಕೊಂಡೇ ಬರುವ ಕೈಸೆಟ್ಟು. ಗಿಡ್ಡ ಆಂಟೆನಾದಿಂದ ದೂರ ಹೋಗುವುದಿಲ್ಲ, ನಿಜ. ಹೋಗಬೇಕಾದದ್ದೂ ಇಲ್ಲ.

ಎಂಜಿನ್ನೂ ಇಲ್ಲಿ ಬಾಯಿ ಹಾಕುತ್ತದೆ. ಎಎಂ ಸೆಟ್ಟು ಪೆಟ್ರೋಲ್ ಜಿಪ್ಸಿಯ ಸ್ಪಾರ್ಕ್ ಪ್ಲಗ್ಗಿನ ಟಕಟಕವನ್ನೂ ಮಾತೆಂದು ತಿಳಿದು ಕೇಳಿಸುತ್ತದೆ. ಮಹೀಂದ್ರದ ಹಳೇ ಡೀಸೆಲ್ ಜೀಪು ಎಂಎಂ 540ಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಊರಿಗೆಲ್ಲ ಕೇಳುವ ಹಾಗೆ ಗಡಗಡ ಅನ್ನುವ ಜೀಪು ರೇಡಿಯೋದ ಕಿವಿಗೆ ಪರಮ ಸಾಧು.

ಕೊಡಗಿನಲ್ಲಿ ಸೆಟ್ಟು ಕೊಳ್ಳುವವರು ವಾಟಿಗಿಂತ ಮೊದಲು ನೀರು ನೋಡಬೇಕು. ನೀರು, ಧೂಳು ತಡೆಯುವ ಗುರುತು ಐಪಿ67 ಎಂದಿದ್ದರೆ ಕೆಸರಿಗೆ ಬಿದ್ದರೂ ತೊಳೆದು ಮಾತಾಡಬಹುದು. ಏನೂ ಬರೆಯದ ಸೆಟ್ಟಿನೊಳಗೆ ಜುಲೈ ತಿಂಗಳು ಸದ್ದಿಲ್ಲದೆ ಹೋಗಿ ಕೂರುತ್ತದೆ. ಪೆನ್ಸಿಲ್ ಸೆಲ್ಲು ಹಾಕುವಂಥದ್ದಾದರೆ ಇನ್ನೂ ಒಳ್ಳೆಯದು, ಶನಿವಾರಸಂತೆಯ ಅಂಗಡಿಯಲ್ಲೂ ಸಿಗುತ್ತದೆ. ಸ್ಕ್ವೆಲ್ಚ್ ಗುಂಡಿ ಕೈಗೆ ಸಿಗುವಂತಿರಲಿ: ಸುಮ್ಮನಿರುವಾಗ ಬರುವ ಸರಸರ ಸದ್ದನ್ನು ಅದು ಮುಚ್ಚುತ್ತದೆ, ಜಾಸ್ತಿ ತಿರುಗಿಸಿದರೆ ದೂರದಲ್ಲಿ ಸಿಕ್ಕಿಕೊಂಡವನ ದನಿಯನ್ನೂ ಮುಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯ, ಗುಂಪಿನಲ್ಲಿ ಮಿಕ್ಕವರ ಹತ್ತಿರ ಯಾವುದಿದೆಯೋ ಅದನ್ನೇ ಕೊಳ್ಳುವುದು. ಈಗ ಬಹಳ ಮಂದಿ 446 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ವಾಕಿಟಾಕಿ ಹಿಡಿದಿದ್ದಾರೆ. ಒದ್ದೆ ಎಲೆ ಅದಕ್ಕೆ ಸಿಬಿಗಿಂತ ಹೆಚ್ಚು ಅಡ್ಡ ಬರುತ್ತದೆ, ಆದರೆ ಒಂಟಿ ಸಿಬಿ ಹಿಡಿದು ಕಾಡಿಗೆ ಉಪದೇಶ ಮಾಡುವುದಕ್ಕಿಂತ ಅದೇ ವಾಸಿ.

ಇಷ್ಟಾದ ಮೇಲೆ ಉಳಿಯುವುದು ಮನುಷ್ಯರ ಸಮಸ್ಯೆ. ಒಬ್ಬರು ಗುಂಡಿ ಒತ್ತಿದರೆ ಉಳಿದವರು ಬಾಯಿ ಮುಚ್ಚಲೇಬೇಕು ಎಂಬ ಶಿಸ್ತು ನಮ್ಮ ಮದುವೆಮನೆಗಳಲ್ಲಿ ಬೆಳೆದವರಿಗೆ ಸುಲಭವಲ್ಲ. ಒಮ್ಮೆ ಮಾದಾಪುರದಾಚೆ ಯಾರೋ ತಮ್ಮ ಸೆಟ್ಟಿನ ಮೇಲೆ ಕೂತುಬಿಟ್ಟರು. ಗುಂಡಿ ಒತ್ತಿಕೊಂಡೇ ಇತ್ತು. ಮುಂದಿನ ಜೀಪಿನಲ್ಲಿದ್ದ ಭಾವನಿಗೆ ಗೇರು ಹಾಕಲು ಬರುವುದಿಲ್ಲ, ನಾಲ್ಕೂ ಚಕ್ರ ಎಳೆಯುವ ಫೋರ್ ಲೋ ಗೇರು ಎಂದರೇನೆಂದೇ ಗೊತ್ತಿಲ್ಲ, ಆ ಜೀಪು ಮಾವ ಕೊಡಿಸಿದ್ದು ಎಂಬುದೆಲ್ಲ ಸಾಲಿಗೆ ಸಾಲೇ ಕೇಳಿತು. ಗುಂಡಿ ಅದುಮಿರುವಷ್ಟು ಹೊತ್ತು ಯಾರಿಗೂ ನಡುವೆ ಮಾತಾಡಿ ಎಚ್ಚರಿಸಲೂ ಆಗಲಿಲ್ಲ. ಕೊನೆಗೆ ಒಂದು ಹೊಂಡದಲ್ಲಿ ಜೀಪು ಎಗರಿ ಸೆಟ್ಟು ಬಿಡುಗಡೆಯಾಯಿತು. ಭಾವನ ದನಿ ಸ್ಪಷ್ಟವಾಗಿ ಬಂತು:

"ಚೆನ್ನಾಗಿ ಕೇಳಿಸ್ತಿದೆ. ಮುಂದೆ ಹೊಳೆ ಇದೆ, ಮೊದಲು ನೀವೇ ದಾಟಿ. ಓವರ್."