ಸ್ಲೇಟಿನ ಮೇಲೆ ಎಣ್ಣೆ

ಮಕ್ಕಳು ಅ ಆ ಇ ಈ ತೀಡುತ್ತಿದ್ದ ಕಲ್ಲಿನ ಸ್ಲೇಟು ಶಾಲೆ ಬಿಟ್ಟು ಎಲ್ಲಿಗೆ ಹೋಯಿತೋ ಎಂದು ಯಾರಿಗಾದರೂ ಚಿಂತೆಯಿದ್ದರೆ ಬಿಟ್ಟುಬಿಡಿ, ಅದು ಸುಖವಾಗಿದೆ. ಮಂಗಳೂರಿನ ಬಲ್ಮಠದಿಂದ ಮಣಿಪಾಲದವರೆಗೆ ಕೆಫೆಗಳ ಮೇಜಿನ ಮೇಲೆ ಕಾಲು ಚಾಚಿ ಮಲಗಿದೆ. ಅದರ ಮೇಲೊಂದು ಪುಟ್ಟ ಬಟ್ಟಲು, ಬಟ್ಟಲಲ್ಲಿ ನಾಲ್ಕು ಚಮಚ ಆಲಿವ್ ಎಣ್ಣೆ, ಎಣ್ಣೆಯಲ್ಲಿ ಗುಡಿಸಿ ತಂದಂಥ ಒಣ ಸೊಪ್ಪಿನ ಚೂರು, ಪಕ್ಕದಲ್ಲಿ ಬ್ಯಾಂಕಿನವರು ಚಿನ್ನ ತೂಗಿದಂತೆ ಎಣಿಸಿಟ್ಟ ನಾಲ್ಕೇ ತುಂಡು ಬ್ರೆಡ್ಡು. ಮೆನುವಿನಲ್ಲಿ ಇದರ ಹೆಸರು 'ರಸ್ಟಿಕ್ ಟಸ್ಕನ್ ಹರ್ಬ್ ಇನ್ಫ್ಯೂಷನ್ ವಿತ್ ಆರ್ಟಿಸನಲ್ ಬ್ರೆಡ್'. ಹೆಸರು ಓದಿ ಮುಗಿಸುವಷ್ಟರಲ್ಲಿ ಬ್ರೆಡ್ಡು ತಣ್ಣಗಾಗಿರುತ್ತದೆ. ಬೆಲೆಯೋ, ಇಬ್ಬರು ಮೀನೂಟ ಮುಗಿಸಿ ಬೀಡಾ ಹಾಕಿಕೊಂಡು ಹೊರಬೀಳಬಹುದಾದಷ್ಟು.

ಮೊಮ್ಮಕ್ಕಳ ಒತ್ತಾಯಕ್ಕೆ ಬಂದು ಕೂತ ಹಿರಿಯರಿಗೂ ಬಡಿಸುವ ಹುಡುಗನಿಗೂ ಇಂಥ ಕಡೆ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ.

“ತಮ್ಮಾ, ಇದಕ್ಕೆ ನೆಂಚಿಕೊಳ್ಳಲಿಕ್ಕೆ ಎಂತ ಉಂಟು?”

“ಸರ್, ಇದೇ ನೆಂಚಿಕೊಳ್ಳುವುದು. ಡಿಪ್.”

“ಡಿಪ್ಪೇ ಆಗಲಿ ಮಾರಾಯ, ಚಟ್ನಿ ಎಲ್ಲಿ?”

ಪಾಪ, ಹುಡುಗನ ತಪ್ಪಲ್ಲ. ಅವನಿಗೆ ಇಟಲಿಯ ಟಸ್ಕನಿ ಸೀಮೆಯ ಬಗ್ಗೆ ಎರಡು ನಿಮಿಷದ ಭಾಷಣ ಬಾಯಿಪಾಠ ಮಾಡಿಸಿದ್ದಾರೆ, ಚಟ್ನಿಯ ಬಗ್ಗೆ ಮಾಡಿಸಿಲ್ಲ. ಆ ಟಸ್ಕನಿಯ ಸಂಗತಿಯಾದರೂ ಏನು? ಅಲ್ಲಿ ಬ್ರೆಡ್ಡನ್ನು ಕೆಂಡದ ಮೇಲೆ ಸುಟ್ಟು, ಬಿಸಿಯಿರುವಾಗಲೇ ಹಸಿ ಬೆಳ್ಳುಳ್ಳಿ ತಿಕ್ಕಿ, ಹೊಸ ಎಣ್ಣೆ ಸುರಿದು, ಉಪ್ಪು ಉದುರಿಸಿ ತಿನ್ನುತ್ತಾರೆ. ಹೆಸರು ಫೆಟ್ಟುಂಟಾ. ಅಲ್ಲಿಯ ಹಳೆಯ ಕ್ರಮದ ಬ್ರೆಡ್ಡಿಗೆ ಉಪ್ಪನ್ನೇ ಹಾಕುವುದಿಲ್ಲ, ಅದಕ್ಕೇ ಮೇಲಿನಿಂದ ಉದುರಿಸುವುದು. ಬಟ್ಟಲಲ್ಲಿ ಎಣ್ಣೆಯಿಟ್ಟು, ಸೊಪ್ಪು ತೇಲಿಸಿ, ಊಟಕ್ಕೆ ಮುಂಚೆ ಅದ್ದಿ ತಿನ್ನುವ ರೂಢಿ ಬೆಳೆದದ್ದು ಅಮೆರಿಕದ ಇಟಾಲಿಯನ್ ಹೋಟೆಲುಗಳಲ್ಲಿ. ಮುಂಬಯಿಯಲ್ಲಿ ಉಡುಪಿ ಹೋಟೆಲಿನವರು ಕೊಡುವ ಸಿಹಿ ಸಾಂಬಾರು ಉಡುಪಿಯದ್ದು ಹೌದೋ ಅಲ್ಲವೋ ಎಂಬ ತಕರಾರು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಣ್ಣೆ ಪಾರ್ಟಿ ಎಂದರೆ ಕರ್ನಾಟಕಕ್ಕೆಲ್ಲ ಗೊತ್ತಿರುವ ಅರ್ಥ ಒಂದು. ಈಗ ಅಕ್ಷರಶಃ ಎಣ್ಣೆಯದ್ದೇ ಪಾರ್ಟಿ. ಬಟ್ಟಲನ್ನು ಗಿರ್ರನೆ ತಿರುಗಿಸಿ ಮೂಸುತ್ತಾರೆ, ಕಣ್ಣು ಮುಚ್ಚುತ್ತಾರೆ, 'ಹಸಿ ಹುಲ್ಲಿನ ವಾಸನೆ ಬಂತು' ಎಂದು ರೋಮಾಂಚನಗೊಳ್ಳುತ್ತಾರೆ. ಹಸಿ ಹುಲ್ಲಿನ ವಾಸನೆಗೆ ಹಟ್ಟಿಯ ಬಾಗಿಲಲ್ಲಿ ನಿಂತರೂ ಸಾಕಿತ್ತು. ಆದರೆ ಈ ಒಂದು ವಿಷಯದಲ್ಲಿ ಮೂಸುವವರೇ ಸರಿ: ಒಳ್ಳೆಯ ಆಲಿವ್ ಎಣ್ಣೆಗೆ ಹಸಿ ಹುಲ್ಲಿನ, ಹಸಿ ಕಾಯಿಯ ವಾಸನೆ ಬರಲೇಬೇಕು, ನುಂಗಿದಾಗ ಗಂಟಲು ಚುರುಗುಟ್ಟಬೇಕು. ಆ ಚುರುಕಿಗೆ ಕಾರಣ ಓಲಿಯೊಕ್ಯಾಂಥಾಲ್ ಎಂಬ ಅಂಶ. ಎಣ್ಣೆ ತಾಜಾ ಎಂಬುದಕ್ಕೆ ಅದೇ ಸಾಕ್ಷಿ. ನಮ್ಮವರು ಮಾಡುವುದು ಉಲ್ಟಾ. ಗಂಟಲು ಕೆರೆದ ಬಾಟಲಿಯನ್ನು 'ಕಲಬೆರಕೆ' ಎಂದು ಅಂಗಡಿಗೆ ವಾಪಸು ಕೊಡುತ್ತಾರೆ, ಕಮಟು ವಾಸನೆ ಹೊಡೆಯುವುದನ್ನು 'ವಿದೇಶಿ ಪರಿಮಳ' ಎಂದು ಇಟ್ಟುಕೊಳ್ಳುತ್ತಾರೆ. ಬಣ್ಣ ಕಂಡು ಮೋಸಹೋಗುವುದು ಇನ್ನೊಂದು. ಎಣ್ಣೆಯ ರುಚಿ ಪರೀಕ್ಷಿಸುವ ತಜ್ಞರು ಬಣ್ಣವೇ ಕಾಣದ ಹಾಗೆ ಕಡುನೀಲಿ ಗಾಜಿನ ಲೋಟ ಹಿಡಿಯುತ್ತಾರೆ. ಕೆಫೆಯವರು ಬಣ್ಣವೇ ಕಾಣಲೆಂದು ಬಿಳಿ ಗಾಜಿನ ಬಾಟಲಿಗಳನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಬೆಳಕು, ಶಾಖ, ಗಾಳಿ ಈ ಮೂರೂ ಆಲಿವ್ ಎಣ್ಣೆಗೆ ಶತ್ರುಗಳು. ಮಂಗಳೂರಿನ ಏಪ್ರಿಲ್ ಬಿಸಿಲಲ್ಲಿ ಆ ಕಿಟಕಿಗಿಂತ ಒಳ್ಳೆಯ ವಧಾಸ್ಥಾನ ಸಿಕ್ಕಲಿಕ್ಕಿಲ್ಲ. ಕಪ್ಪು ಬಾಟಲಿ ಅಥವಾ ತಗಡಿನ ಡಬ್ಬಿ ತೆಗೆದುಕೊಳ್ಳಿ, ಒಲೆಯಿಂದ ದೂರದ ಕಪಾಟಿನಲ್ಲಿಡಿ, ಮುಚ್ಚಳ ತೆಗೆದ ಮೇಲೆ ಎರಡು ಮೂರು ತಿಂಗಳಲ್ಲಿ ಮುಗಿಸಿ.

ಲೇಬಲ್ಲಿನದ್ದು ಇನ್ನೊಂದು ಯಕ್ಷಗಾನ, ವೇಷ ನೋಡಿ ಪಾತ್ರ ಗುರುತಿಸಬೇಕು. 'ಎಕ್ಸ್‌ಟ್ರಾ ವರ್ಜಿನ್' ಎಂದರೆ ಕಾಯಿಯನ್ನು ಅರೆದು, ರಾಸಾಯನಿಕ ಮುಟ್ಟಿಸದೆ ತೆಗೆದ ಎಣ್ಣೆ. ಅದರ ಆಮ್ಲೀಯತೆ 0.8 ಶೇಕಡಾ ಮೀರಕೂಡದು, ರುಚಿಯಲ್ಲಿ ದೋಷವಿರಕೂಡದು. ಬರೀ 'ವರ್ಜಿನ್' ಆದರೆ 2 ಶೇಕಡಾದವರೆಗೆ ನಡೆಯುತ್ತದೆ. 'ಲೈಟ್' ಎಂದರೆ ಬಣ್ಣ, ರುಚಿ ಎರಡನ್ನೂ ತೊಳೆದುಹಾಕಿದ ರಿಫೈನ್ಡ್ ಎಣ್ಣೆ, ಕ್ಯಾಲೊರಿ ಒಂದು ಚೂರೂ ಕಡಿಮೆಯಿಲ್ಲ. ಇನ್ನು 'ಪೊಮೇಸ್'. ಗಾಣದಲ್ಲಿ ಕೊಬ್ಬರಿ ಆಡಿಸಿದ ಮೇಲೆ ಹಿಂಡಿ ಉಳಿಯುತ್ತದಲ್ಲ, ಅದನ್ನು ನಾವು ದನಕ್ಕೆ ಹಾಕುತ್ತೇವೆ. ಆಲಿವಿನ ಹಿಂಡಿಯಿಂದ ದ್ರಾವಕ ಹಾಕಿ ಉಳಿದ ಎಣ್ಣೆ ತೆಗೆದು, ಶುದ್ಧಮಾಡಿ, ಸ್ವಲ್ಪ ಒಳ್ಳೆಯ ಎಣ್ಣೆ ಬೆರೆಸಿ ಮಾರಿದರೆ ಪೊಮೇಸ್. ಬಜೆ ಕರಿಯಲಿಕ್ಕೆ ಅದು ಧಾರಾಳ ಸಾಕು. ಬ್ರೆಡ್ಡು ಅದ್ದಲಿಕ್ಕೆ ಆಗದು, ಏಕೆಂದರೆ ಡಿಪ್ಪಿನಲ್ಲಿ ಎಣ್ಣೆಯೇ ಅಡುಗೆ, ಅದಕ್ಕೇ ರುಚಿಯಿಲ್ಲದಿದ್ದರೆ ಮತ್ತೇನೂ ಉಳಿಯುವುದಿಲ್ಲ. ಸ್ಲೇಟಿನ ಮೇಲಿನ ಬಟ್ಟಲಲ್ಲಿ ಸೊಪ್ಪು, ಬೆಳ್ಳುಳ್ಳಿ, ಖಾರ ಎಲ್ಲ ವಿಪರೀತವಾಗಿದ್ದರೆ ಒಳಗಿರುವ ಪಾತ್ರ ಯಾವುದೆಂದು ಊಹಿಸಬಹುದು.

ಇಷ್ಟೆಲ್ಲ ಆಡಂಬರದ ಒಳಗೆ ಇರುವ ಕೆಲಸ ಹತ್ತು ನಿಮಿಷದ್ದು. ನಾಲ್ಕು ಜನಕ್ಕೆ ಅರ್ಧ ಕಪ್ಪು, ಎಂದರೆ 120 ಎಂ.ಎಲ್. ಎಕ್ಸ್‌ಟ್ರಾ ವರ್ಜಿನ್ ಎಣ್ಣೆ. ದಪ್ಪದ್ದಾದರೆ ಒಂದು, ಸಣ್ಣದ್ದಾದರೆ ಎರಡು ಎಸಳು ಬೆಳ್ಳುಳ್ಳಿ. ಒಣ ಒರಿಗ್ಯಾನೊ ಅರ್ಧ ಟೀ ಚಮಚ, ಒಣ ಬೇಸಿಲ್ ಅರ್ಧ, ರೋಸ್‌ಮೆರಿ ಇದ್ದರೆ ಕಾಲು; ಅದನ್ನು ಅಂಗೈಯಲ್ಲಿ ತಿಕ್ಕಿ ಪುಡಿಮಾಡದಿದ್ದರೆ ಹಲ್ಲಿನ ಸಂದಿಯಲ್ಲಿ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಚಿಲ್ಲಿ ಫ್ಲೇಕ್ಸ್ ಕಾಲು ಚಮಚ, ಕುಟ್ಟಿದ ಕಾಳುಮೆಣಸು ಎಂಟು ಹತ್ತು ಕಾಳಿನದ್ದು, ಪುಡಿ ಉಪ್ಪು ಕಾಲು ಚಮಚ, ಲಿಂಬೆರಸ ಒಂದು ಚಮಚ.

ಕೆಡುವುದು ಹಾಕುವ ಕ್ರಮದಲ್ಲಿ. ಎಲ್ಲವನ್ನೂ ಒಟ್ಟಿಗೆ ಎಣ್ಣೆಗೆ ಸುರಿದು ಕಲಕುತ್ತಾರೆ. ಉಪ್ಪು ಎಣ್ಣೆಯಲ್ಲಿ ಕರಗುವ ವಸ್ತುವಲ್ಲ, ಮರುಮಾತಿಲ್ಲದೆ ಅಡಿಗೆ ಹೋಗಿ ಕೂರುತ್ತದೆ. ಮೊದಲ ಮೂರು ತುಂಡು ಸಪ್ಪೆ, ಕೊನೆಯ ತುಂಡು ಉಪ್ಪಿನಕಾಯಿ. ಒಣ ಸೊಪ್ಪೂ ಹಾಗೆಯೇ, ನೀರಿನ ಪಸೆ ಸಿಗದೆ ಮೆತ್ತಗಾಗುವುದಿಲ್ಲ, ಭತ್ತದ ಹೊಟ್ಟು ಅಗಿದಂತಿರುತ್ತದೆ. ಆದ್ದರಿಂದ ಮೊದಲು ಲಿಂಬೆರಸಕ್ಕೆ ಉಪ್ಪು ಹಾಕಿ ಕರಗಿಸಿ, ಅದರಲ್ಲೇ ಬೆಳ್ಳುಳ್ಳಿ ತುರಿದು, ಒಣ ಸೊಪ್ಪು ನೆನೆಸಿಡಿ. ಹತ್ತು ನಿಮಿಷದ ಮೇಲೆ ಎಣ್ಣೆ ಸುರಿದು ಕಲಕಿ. ಬೆಳ್ಳುಳ್ಳಿಯನ್ನು ನೇರ ಹುಳಿಗೇ ತುರಿದರೆ ಘಾಟು ಕಡಿಮೆ. ಘಾಟು ಬೇಕೆಂದಿದ್ದರೆ ಮೊದಲೇ ತುರಿದು ಐದು ನಿಮಿಷ ಹಾಗೇ ಬಿಟ್ಟು ಆಮೇಲೆ ಹುಳಿ ಸೇರಿಸಬೇಕು. ಮಠದ ಅಡುಗೆಯ ಕ್ರಮದವರು ಬೆಳ್ಳುಳ್ಳಿ ಬಿಟ್ಟು ಚಿಟಿಕೆ ಇಂಗನ್ನು ಆ ಲಿಂಬೆರಸದಲ್ಲಿ ಕದಡಿದರೆ ಟಸ್ಕನಿಯಿಂದ ಯಾರೂ ನೋಟೀಸು ಕಳಿಸುವುದಿಲ್ಲ.

ಬೆಚ್ಚಗಿನ ಡಿಪ್ ಬೇಕೆನ್ನುವವರು ಸಣ್ಣ ಉರಿಯಲ್ಲಿ ಎಣ್ಣೆ, ಚಪ್ಪಟೆಯಾಗಿ ಹೆಚ್ಚಿದ ಬೆಳ್ಳುಳ್ಳಿ ಒಟ್ಟಿಗೇ ಇಟ್ಟು, ಅಂಚು ಹಳದಿಗೆ ತಿರುಗುವ ಮೊದಲೇ ಒಲೆ ಆರಿಸಬೇಕು. ಬಾಣಲೆಯ ಶಾಖವೇ ಉಳಿದದ್ದನ್ನು ಮಾಡುತ್ತದೆ. ಕೆಂಪಾಗುವವರೆಗೆ ಕಾದರೆ ಕಹಿ. ಸೊಪ್ಪು ಹಾಕುವುದು ಒಲೆ ಆರಿಸಿದ ಮೇಲೆ. ಲಿಂಬೆ ಹಾಕುವುದು ಎಣ್ಣೆ ಪೂರ್ತಿ ತಣಿದ ಮೇಲೆ, ಇಲ್ಲವಾದರೆ ಸಿಡಿದು ಕೈ ಸುಡುತ್ತದೆ.

ಒರಿಗ್ಯಾನೊ ಎಲ್ಲಿಂದ ತರುವುದು ಎಂದು ಮಂಡೆಬಿಸಿ ಮಾಡಿಕೊಳ್ಳಬೇಡಿ. ಈ ಜಿಲ್ಲೆಗಳ ಪ್ರತಿ ಫ್ರಿಜ್ಜಿನ ಬಾಗಿಲಲ್ಲೂ ಪಿಜ್ಜಾದ ಜೊತೆ ಬಂದ ಪುಟ್ಟ ಪೊಟ್ಟಣಗಳು ಇರುತ್ತವೆ, ಬಿಸಾಡಲು ಮನಸ್ಸಿಲ್ಲ, ಬಳಸಲು ನೆನಪಿಲ್ಲ. ಒಂದೇ ಎಚ್ಚರಿಕೆ: ಅಂಥ ಪೊಟ್ಟಣದಲ್ಲಿ ಸಾಮಾನ್ಯವಾಗಿ ಉಪ್ಪೂ ಸೇರಿರುತ್ತದೆ, ನಿಮ್ಮ ಉಪ್ಪನ್ನು ಅರ್ಧಕ್ಕಿಳಿಸಿ. ಮಳೆಗಾಲದಲ್ಲಿ ಗಂಟುಕಟ್ಟಿ ಬೂಷ್ಟು ವಾಸನೆ ಬಂದದ್ದನ್ನು ಮಾತ್ರ ದಯೆ ತೋರದೆ ಎಸೆಯಿರಿ. ಹಸಿ ಬೇಸಿಲ್ ಬೇಕೆಂದು ಸೂಪರ್ ಮಾರ್ಕೆಟ್ಟಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ದುಡ್ಡು ಸುರಿಯುವವರಿಗೆ ಒಂದು ಗುಟ್ಟು: ಅದು ನಮ್ಮ ಕಾಮಕಸ್ತೂರಿ. ಅದರ ಬೀಜವನ್ನೇ ಫಾಲೂದಕ್ಕೆ ಹಾಕುವುದು. ತಳಿ ಬೇರೆಯಾದ್ದರಿಂದ ಪರಿಮಳದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದೀತು, ಕುಲ ಒಂದೇ. ಕಟ್ಟೆಯ ತುಳಸಿ ಬೇರೆ ಜಾತಿ, ಅದಕ್ಕೆ ಕೈ ಹಾಕಬೇಡಿ, ಡಿಪ್ಪೂ ಕೆಡುತ್ತದೆ, ಅಮ್ಮನ ಬೈಗುಳವೂ ಸಿಗುತ್ತದೆ. ಒರಿಗ್ಯಾನೊದ ಪರಿಮಳಕ್ಕೆ ಕಾರಣವಾದ ಕಾರ್ವಕ್ರಾಲ್ ನಾವು ತಂಬುಳಿ ಮಾಡುವ ದೊಡ್ಡಪತ್ರೆಯಲ್ಲೂ ಉಂಟು. ಒಂದೇ ಎಲೆ, ಬಹಳ ಸಣ್ಣಗೆ ಹೆಚ್ಚಿ ಹಾಕಿದರೆ ಸಾಕು, ಎರಡಾದರೆ ಕೆಮ್ಮಿನ ಕಷಾಯ ನೆನಪಾಗುತ್ತದೆ. ಹಸಿ ಎಲೆ ಯಾವುದೇ ಆಗಲಿ, ತೊಳೆದು ಬಟ್ಟೆಯಲ್ಲಿ ಒತ್ತಿ ನೀರು ಪೂರಾ ತೆಗೆದು, ಹರಿತ ಚೂರಿಯಲ್ಲಿ ಕೊನೇ ಗಳಿಗೆಗೆ ಹೆಚ್ಚಬೇಕು. ಜಜ್ಜಿದರೆ ಕಪ್ಪಾಗುತ್ತದೆ.

ಬ್ರೆಡ್ಡಿನ ವಿಷಯದಲ್ಲಿ ಬೇಕರಿಯ ಸ್ಲೈಸ್ ಬ್ರೆಡ್ಡು ಕೈಕೊಡುತ್ತದೆ. ಅದು ಚಾಕ್ಕೆ ಅದ್ದಲು ಹುಟ್ಟಿದ ಪ್ರಾಣಿ, ಮೆತ್ತಗೆ, ಸಿಹಿ. ಎಣ್ಣೆಗೆ ಇಳಿಸಿದರೆ ಅರ್ಧ ಬಟ್ಟಲಲ್ಲೇ ಉಳಿಯುತ್ತದೆ. ಹೊರಗೆ ಗಟ್ಟಿ ಸಿಪ್ಪೆ, ಒಳಗೆ ತೂತು ತೂತು ಇರುವ ಬ್ರೆಡ್ಡು ಬೇಕು. ನಿನ್ನೆಯದ್ದಾದರೆ ಇನ್ನೂ ವಾಸಿ. ಎರಡು ಬೆರಳು ದಪ್ಪ ಕತ್ತರಿಸಿ ದೋಸೆ ಕಾವಲಿಯಲ್ಲಿ ಏನೂ ಸವರದೆ ಎರಡೂ ಬದಿ ಕಾಯಿಸಿ, ತಕ್ಷಣ ತಿನ್ನಿ. ಜುಲೈಯ ಕರಾವಳಿಯಲ್ಲಿ ಗರಿಗರಿ ಎಂಬುದರ ಆಯುಸ್ಸು ಐದು ನಿಮಿಷ. ಸಾರ್‌ಡೋ ಬ್ರೆಡ್ಡಿಗೆ ಹಿಟ್ಟು ಇಡೀ ರಾತ್ರಿ ಹುಳಿ ಬರಿಸಿದ್ದೇವೆಂದು ಬೋರ್ಡು ಹಾಕುವವರು, ಉದ್ದಿನ ಹಿಟ್ಟು ರಾತ್ರಿ ಇಟ್ಟು ಬೆಳಿಗ್ಗೆ ಉಬ್ಬಿದ್ದನ್ನು ನೋಡಿ ಬೆಳೆದ ಊರಿಗೆ ಬಂದಿದ್ದೇವೆಂಬುದನ್ನು ಮರೆತಂತಿದೆ.

ಬಾಲ್ಸಾಮಿಕ್ ವಿನೆಗರ್ ಹಾಕುವುದಾದರೆ ಒಂದು ಚಮಚ, ಲಿಂಬೆಯ ಬದಲಿಗೆ. ಇಟಲಿಯ ಮೊಡೆನಾದ ಸಾಂಪ್ರದಾಯಿಕ ಬಾಲ್ಸಾಮಿಕ್ ಮರದ ಪೀಪಾಯಿಗಳಲ್ಲಿ ಕನಿಷ್ಠ 12 ವರ್ಷ ಕಳೆದಿರುತ್ತದೆ. ಕೆಫೆಯ ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ವೈನ್ ವಿನೆಗರಿಗೆ ದ್ರಾಕ್ಷಿಯ ಪಾಕ ಸೇರಿಸಿದ್ದು.

ಆದರೆ ಈ ಇಡೀ ಪ್ರಹಸನದಲ್ಲಿ ನಗು ಬಾರದ ಅಂಕ ಒಂದುಂಟು. ಹಸಿ ಬೆಳ್ಳುಳ್ಳಿ, ಹಸಿ ಸೊಪ್ಪು ತುಂಬಿ ಎಣ್ಣೆ ಮುಳುಗಿಸಿದ ಚಂದದ ಬಾಟಲಿಗೆ ಸೆಣಬಿನ ದಾರ ಕಟ್ಟಿ 'ಹೋಮ್‌ಮೇಡ್ ಇನ್ಫ್ಯೂಸ್ಡ್ ಆಯಿಲ್' ಎಂದು ಗೃಹಪ್ರವೇಶಕ್ಕೆ ಉಡುಗೊರೆ ಕೊಡುವ ಹೊಸ ಶೋಕಿ. ನೆಲದಲ್ಲಿ ಬೆಳೆದ ಬೆಳ್ಳುಳ್ಳಿಗೆ ಬೊಟುಲಿಸಂ ಎಂಬ ನಂಜಿನ ಕಾಯಿಲೆ ತರುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಬೀಜಾಣು ಅಂಟಿರಬಹುದು. ಎಣ್ಣೆಯೊಳಗೆ ಗಾಳಿಯಿಲ್ಲ, ಹುಳಿಯಿಲ್ಲ, ಹೊರಗೆ ನಮ್ಮ ಊರಿನ ಸೆಕೆ. ಅದಕ್ಕೆ ಬೇಕಾದದ್ದು ಇಷ್ಟೇ. ವಿಷ ಹುಟ್ಟಿದರೂ ವಾಸನೆ, ರುಚಿ ಬದಲಾಗದೆ ಇರಬಹುದು. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಹೋಟೆಲೊಂದರ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ ಹತ್ತಾರು ಜನ ಹಾಸಿಗೆ ಹಿಡಿದರು. ಚಮಚ ಲಿಂಬೆರಸ ಹಾಕಿದ್ದೇವಲ್ಲ ಎಂಬ ಧೈರ್ಯ ಬೇಡ, ಬಾಟಲಿಯನ್ನು ಕಾಯಲು ಅಷ್ಟು ಸಾಲದು. ಬೆಳ್ಳುಳ್ಳಿಯ ಡಿಪ್ ಆ ಹೊತ್ತಿಗೆ ಮಾಡಿ ಆ ಹೊತ್ತಿಗೇ ತಿನ್ನುವ ಪದಾರ್ಥ. ಉಳಿದರೆ ಕೂಡಲೇ ಫ್ರಿಜ್ಜಿಗೆ, ಹೆಚ್ಚೆಂದರೆ ಮೂರು ದಿನ. ಫ್ರಿಜ್ಜಿನಲ್ಲಿ ಎಣ್ಣೆ ಮಬ್ಬಾಗಿ ಗಟ್ಟಿಯಾದರೆ ಗಾಬರಿ ಬೇಡ, ಹೊರಗಿಟ್ಟರೆ ತಿಳಿಯಾಗುತ್ತದೆ. ಉಡುಗೊರೆ ಬಾಟಲಿಯನ್ನು ನಯವಾಗಿ ಸ್ವೀಕರಿಸಿ, ಸೆಣಬಿನ ದಾರ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಬಿಸಾಡಿ.

ಇನ್ನು ಆರೋಗ್ಯದ ಭಜನೆ. ಕೊಟ್ಟೆ ಕಡುಬಿನ ಮೇಲೆ ಅಜ್ಜಿ ತೆಂಗಿನೆಣ್ಣೆ ಬಿಟ್ಟರೆ 'ಹಾರ್ಟಿಗೆ ಒಳ್ಳೇದಲ್ಲ' ಎಂದು ಬಟ್ಟಲು ಎಳೆದುಕೊಳ್ಳುವ ಮೊಮ್ಮಗಳು, ಸಂಜೆ ಕದ್ರಿಯ ಕಡೆ ಹೋಗಿ 'ಲೈಟಾಗಿ ಏನಾದರೂ' ಎಂದು ಈ ಡಿಪ್ ತರಿಸುತ್ತಾಳೆ. ಅವಳ ಮಾತಿನಲ್ಲಿ ಅರ್ಧ ಸತ್ಯವಿದೆ: ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು 80 ಶೇಕಡಾಕ್ಕೂ ಹೆಚ್ಚು, ಆಲಿವಿನಲ್ಲಿ ಸುಮಾರು 14. ಉಳಿದರ್ಧ ಮೇಲೆ ಹೇಳಿದ ನಾಲ್ಕು ಜನರ ಅರ್ಧ ಕಪ್ಪಿನಲ್ಲಿದೆ. 120 ಎಂ.ಎಲ್. ಎಣ್ಣೆ ಎಂದರೆ ಸುಮಾರು 970 ಕ್ಯಾಲೊರಿ, ಬ್ರೆಡ್ಡಿನ ಲೆಕ್ಕ ಬೇರೆ. ಅಜ್ಜಿ ಬಿಟ್ಟದ್ದು ಒಂದು ಚಮಚ. ಅಂದಹಾಗೆ ಅಜ್ಜಿಗೆ ಆಲಿವ್ ಎಣ್ಣೆ ಹೊಸದೇನಲ್ಲ. ಮೆಡಿಕಲ್ ಶಾಪಿನಿಂದ ಪುಟ್ಟ ಡಬ್ಬಿ ತರಿಸಿ ಇದೇ ಮೊಮ್ಮಗಳ ಮೈಗೆ ತಿಕ್ಕಿ ಬಿಸಿನೀರು ಹೊಯ್ದವಳು ಅವಳೇ. ತಿನ್ನುವ ಎಣ್ಣೆ ಎಂದು ಆಗ ಯಾರೂ ಹೇಳಿರಲಿಲ್ಲ, ಅಷ್ಟೆ.

ಅತ್ತ ಸ್ಲೇಟಿನ ಮುಂದೆ ಹಿರಿಯರ ನಾಲ್ಕನೆಯ ತುಂಡು ಮುಗಿದಿದೆ. ಕೊನೆಯದ್ದಕ್ಕೆ ಉಪ್ಪು ಜಾಸ್ತಿಯಾಗಿ ನೀರು ಕುಡಿದದ್ದೂ ಆಗಿದೆ. ಬಟ್ಟಲಲ್ಲಿ ಅರ್ಧ ಎಣ್ಣೆ ಹಾಗೇ ಉಂಟು.

“ತಮ್ಮಾ, ಇನ್ನೆರಡು ಬ್ರೆಡ್ಡು ಕೊಡು.”

“ಎಕ್ಸ್‌ಟ್ರಾ ಬ್ರೆಡ್ಡಿಗೆ ಬೇರೆ ಚಾರ್ಜ್ ಆಗ್ತದೆ, ಸರ್.”

“ಹಾಗಾದ್ರೆ ಬೇಡ. ಎಣ್ಣೆ ಪಾರ್ಸೆಲ್ ಮಾಡು, ಮನೆಯಲ್ಲಿ ಗಂಜಿ ಉಂಟು.”