ಗಾಡಿಯ ಮುಂದಿರೋ ಪೆಟ್ರೋಲ್ ಪಂಪಿಗೂ ಹಿಂದಿನ ಚಕ್ರದ ಹತ್ರ ಪೆಟ್ರೋಲ್ ಸೋರೋದಕ್ಕೂ ಎಂತ ಸಂಬಂಧ ಮಾರಾಯ್ರೆ?

"ಅಂಕಲ್, ಮೊದ್ಲು ಈ ಗಾಡಿ ಆಚೆ ತಳ್ಳಿ."

ಅಂಕಲ್ ಅಂತೆ, ಬಂಕಿನ ಹುಡುಗ. ಸ್ವಲ್ಪ ಹೊತ್ತಿಗೆ ಮುಂಚೆ "ಸಾರ್, ರೌಂಡ್ ಫಿಗರ್ ಮಾಡ್ಲಾ?" ಅಂದವನೂ ಇವನೇ. ನಾನು ಬೇಡ ಅನ್ನೋದ್ರೊಳಗೆ ಒತ್ತಿ ಆಗಿತ್ತು. ಗನ್ನು ತಾನಾಗೇ ಕಟ್ ಆದ್ಮೇಲೂ ಟಕ್ ಟಕ್ ಅಂತ ಒತ್ತಿ ಒತ್ತಿ ಕುತ್ತಿಗೆವರೆಗೆ ತುಂಬಿಸಿದ್ದು ಅವನು. ಸೋರಿದ ಕೂಡ್ಲೇ ತಪ್ಪು ಗಾಡೀದು, ಗಾಡಿ ನಂದು, ಆದ್ರಿಂದ ನಾನು ಅಂಕಲ್.

ನಿನ್ನೆಯಿಂದ ತಲೆಯೊಳಗೆ ಇದೇ ಓಡ್ತಾ ಇದೆ. ಹಿಂದಿನ ಚಕ್ರದ ಹತ್ರ ತೊಟ ತೊಟ ಅಂತ ಬೀಳ್ತಿತ್ತು, ಮಳೆ ನೀರಿನ ಮೇಲೆ ಬಣ್ಣ ಬಣ್ಣವಾಗಿ ಹರಡ್ತಿತ್ತು. ಹತ್ರ ಬಂದು ಮೆಲ್ಲಗೆ ಹೇಳಬಹುದಿತ್ತಲ್ವಾ? "ಲೀಕೂ... ಲೀಕೂ" ಅಂತ ಇಡೀ ಬಂಕಿಗೆ ಕೇಳೋ ಹಾಗೆ ಕೂಗಿದ. ಶನಿವಾರ ಬೇರೆ. ಹಿಂದೆ ಮುಳ್ಳಯ್ಯನಗಿರಿಗೆ ಹೊರಟ ಬೆಂಗಳೂರು ಗಾಡಿಗಳ ಸಾಲು. ಒಬ್ಬ ಹಾರ್ನಿನ ಮೇಲೆ ಕೈ ಇಟ್ಟವನು ತೆಗೀಲೇ ಇಲ್ಲ. ಇನ್ನೊಬ್ಬ ಫೋನೆತ್ತಿ ವಿಡಿಯೋ ಮಾಡ್ತಾ ಇದ್ದ, ಬಂಕಿನೊಳಗೆ! ಅವನಿಗೆ ಯಾರೂ ಏನೂ ಅನ್ನಲ್ಲ.

ಹಿಂದಿನ ಸೀಟಲ್ಲಿ ಚಿಕ್ಕಮ್ಮ. ಬೇಲೂರಲ್ಲಿ ನಿಶ್ಚಿತಾರ್ಥ, ತೊಡೆ ಮೇಲೆ ಹಣ್ಣಿನ ತಟ್ಟೆ. "ಏನೋ ಇದು, ನಾನೂ ಇಳೀಬೇಕೇನೋ?" ಇಳೀರಿ ಅಂದೆ. ಒಂದು ಕೈಯಲ್ಲಿ ರೇಷ್ಮೆ ಸೀರೆ ನೆರಿಗೆ, ಇನ್ನೊಂದರಲ್ಲಿ ತಟ್ಟೆ, ತಲೆ ಮೇಲೆ ಜಿಟಿಜಿಟಿ ಮಳೆ. ಆ ಹುಡುಗ ಕೆಂಪು ಬಕೆಟ್ ತಂದು ಮರಳು ಚೆಲ್ಲಿದ. ಚಕ್ರದ ಬುಡಕ್ಕೆ ಅರ್ಧ, ನನ್ನ ಚಪ್ಪಲಿ ಮೇಲೆ ಅರ್ಧ. ನಾನು ಕಿಟಕಿಯೊಳಗೆ ಕೈ ಹಾಕಿ ಸ್ಟೀರಿಂಗ್ ಹಿಡ್ಕೊಂಡು ಭುಜ ಕೊಟ್ಟು ತಳ್ತಾ ಇದ್ರೆ ಅವನು ಬಕೆಟ್ ಹಿಡ್ಕೊಂಡು ನಿಂತೇ ಇದ್ದ. ಕೊನೆಗೆ ಯಾರೋ ಆಟೋದವರು ಇಳಿದು ಬಂದು ಕೈ ಕೊಟ್ರು. ಅವರಿಗೆ ಒಳ್ಳೇದಾಗ್ಲಿ. ಅಷ್ಟು ಜನರ ಎದುರಿಗೆ ಚಿಕ್ಕಮ್ಮ ಹೇಳಿದ್ದು ಏನು ಗೊತ್ತಾ? "ನಿಮ್ಮ ಚಿಕ್ಕಪ್ಪ ಇದ್ದಿದ್ರೆ ಇಂಥ ಡಬ್ಬ ಗಾಡಿ ಇಟ್ಕೊಳ್ತಿರ್ಲಿಲ್ಲ."

ಗಾಡಿ ಚಿಕ್ಕಪ್ಪಂದೇ. 98ರ ಮಾರುತಿ 800.

ಸ್ಟಾರ್ಟ್ ಮಾಡಬೇಡಿ ಅಂದಿದ್ದು ಸರಿ, ಒಪ್ತೀನಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೆ ಹೋಗಲ್ಲ, ನೆಲ ಹಿಡಿದು ಹರಿಯುತ್ತೆ. ಕಿಡಿ ಎಲ್ಲಿದ್ರೂ ಅಲ್ಲಿಗೆ ಹೋಗುತ್ತೆ. ಮರಳು ಹಾಕಿದ್ದೂ ಸರಿ. ಹುಡುಗನ ಮೇಲೆ ಸಿಟ್ಟಿಲ್ಲ. ಇಲ್ಲ, ಇದೆ. ಅಂಕಲ್ ಅಂದಿದ್ದಕ್ಕಿದೆ.

ನಿಜವಾದ ಸಿಟ್ಟು ಗ್ಯಾರೇಜಿನವರ ಮೇಲೆ. ಮಳೆಗಾಲಕ್ಕೆ ಮುಂಚಿನಿಂದ ಹೇಳ್ತಾ ಇದೀನಿ, ಟ್ಯಾಂಕ್ ಫುಲ್ ಮಾಡಿಸಿದ್ರೆ ಮಾತ್ರ ವಾಸನೆ, ಅರ್ಧ ಇದ್ರೆ ಏನೂ ಇಲ್ಲ, ಅಂಗಳದ ಏರಲ್ಲಿ ಮೂತಿ ಮೇಲೆ ಮಾಡಿ ನಿಲ್ಸಿದ್ರೆ ಜಾಸ್ತಿ. ಇಷ್ಟು ಹೇಳಿದ್ರೆ ಸಾಕಲ್ವಾ? ಒಬ್ಬ ಬಾನೆಟ್ ಎತ್ತಿ ಪೆಟ್ರೋಲ್ ಪಂಪ್ ಬದಲಾಯಿಸಿದ. ಈ ಗಾಡಿಯ ಪಂಪು ಇಂಜಿನ್ನಿಗೆ ಅಂಟ್ಕೊಂಡಿರೋದು, ಇಂಜಿನ್ ಓಡಿ ಅದರೊಳಗಿನ ಕ್ಯಾಮ್ ತಿರುಗಿದ್ರೇನೇ ಅದು ಕೆಲಸ ಮಾಡೋದು. ಒಳಗಿನ ಡಯಾಫ್ರಮ್, ಅಂದ್ರೆ ತೆಳು ಪರದೆ, ಹರಿದಿದ್ರೆ ಪಂಪಿನ ಮೈಯಲ್ಲೇ ಒಂದು ಸಣ್ಣ ತೂತಿದೆ, ಅಲ್ಲಿಂದ ಬರುತ್ತೆ, ಇಲ್ಲಾ ಇಂಜಿನ್ ಆಯಿಲ್ಲಿಗೆ ಇಳಿದು ಆಯಿಲ್ ಲೆವೆಲ್ ಏರುತ್ತೆ. ಆಯಿಲ್ ಅಳೆಯೋ ಕಡ್ಡಿ, ಡಿಪ್‌ಸ್ಟಿಕ್, ಎಳೆದು ಮೂಸಿದ್ರೆ ಗೊತ್ತಾಗ್ತಿತ್ತು. ನಂದು ಇಂಜಿನ್ ಆಫ್ ಆಗಿದ್ದಾಗ, ಹಿಂದೆ, ಸೋರೋದು! ಇನ್ನೊಬ್ಬ ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬ್ಯುರೇಟರಿಗೆ ರಿಪೇರಿ ಕಿಟ್ ಹಾಕಿದ. ಅದೂ ಮುಂದೇನೇ ಇರೋದು. ಮತ್ತೊಬ್ಬ ಬಗ್ಗಿ ನೋಡಿದ ಪುಣ್ಯಾತ್ಮ, ಟ್ಯಾಂಕಿನ ಕೆಳಗೆ ಹನಿ ಕಂಡ್ತು ಅಂತ "ಟ್ಯಾಂಕ್ ತೂತಾಗಿದೆ, ಇಳಿಸ್ಬೇಕು" ಅಂದ. ಹನಿ ಬೀಳೋ ಜಾಗವೇ ಸೋರೋ ಜಾಗ ಆಗ್ಬೇಕಾ? ಮೇಲೆಲ್ಲೋ ಹೊರಟಿದ್ದು ಟ್ಯಾಂಕಿನ ಮೈ ಹಿಡ್ಕೊಂಡು ಇಳಿದು ಎಲ್ಲಿ ತಗ್ಗಿದೆಯೋ ಅಲ್ಲಿ ಬೀಳುತ್ತೆ. ಇದನ್ನ ಕಲಿಯೋಕೆ ಐಟಿಐ ಬೇಕಾ? ಸೂರಿನಿಂದ ನೀರು ಸೋರೋದನ್ನ ನೋಡಿದವರಿಗೆಲ್ಲ ಗೊತ್ತು.

ಇವತ್ತು ಬೆಳಗ್ಗೆ ನಾನೇ ಮಲಗಿದೆ ಗಾಡಿ ಕೆಳಗೆ. ಬಟ್ಟೆಯಲ್ಲಿ ಟ್ಯಾಂಕು, ಪೈಪು ಎಲ್ಲ ಒಣಗೋ ಹಾಗೆ ಒರೆಸಿ, ಮನೆಯವಳ ಮುಖಕ್ಕೆ ಹಚ್ಚೋ ಪೌಡರ್ ಡಬ್ಬಿ ತಗೊಂಡು ಉದುರಿಸ್ದೆ. ಆಮೇಲೆ ಎದ್ದು ಬಂದು ಕಾಫಿ ಕುಡ್ದೆ. ತಿರುಗಿ ಹೋಗಿ ಟಾರ್ಚ್ ಬಿಟ್ಟು ನೋಡಿದ್ರೆ ಬಿಳೀ ಪೌಡರ್ ಮೇಲೆ ಒದ್ದೆ ಗೆರೆ, ಟ್ಯಾಂಕಿನ ಪಕ್ಕದಿಂದ ಮೇಲಕ್ಕೆ, ಚಕ್ರದ ಹಿಂಬದಿಗೆ. ಪೆಟ್ರೋಲ್ ಹಾಕೋ ಬಾಯಿಂದ ಟ್ಯಾಂಕಿಗೆ ಇಳಿಯೋ ದಪ್ಪ ರಬ್ಬರ್ ಪೈಪಿದೆಯಲ್ಲ, ಅದರಲ್ಲಿ ಕ್ಲಿಪ್ ಕಚ್ಚಿರೋ ಜಾಗ. ಕೆಳಗಿಂದ ಕಾಣಲ್ಲ. ಬೆರಳು ತೂರಿಸಿ ಸವರಿದ್ರೆ ಸೀಳು ಉಗುರಿಗೆ ಸಿಗುತ್ತೆ. ಟ್ಯಾಂಕ್ ಅರ್ಧ ಇದ್ರೆ ಅಲ್ಲಿಗೆ ಪೆಟ್ರೋಲೇ ಏರಲ್ಲ. ನಾನು ಹೇಳಿದ್ದು ಅದನ್ನೇ ಅಲ್ವಾ, ಯಾರಾದ್ರೂ ಕೇಳಿಸ್ಕೊಂಡ್ರಾ?

ಎಥನಾಲನ್ನ ಬೈಯೋಣ ಅನ್ಸುತ್ತೆ. ಈಗ ಬಂಕಲ್ಲಿ ಸಿಗೋದು ನೂರಕ್ಕೆ 20 ಎಥನಾಲ್ ಬೆರೆಸಿದ ಪೆಟ್ರೋಲು. ಹೊಸ ಗಾಡಿಗಳ ರಬ್ಬರು ಅದನ್ನ ತಡ್ಕೊಳ್ಳೋ ಹಾಗೆ ಮಾಡಿರ್ತಾರೆ, ಹಳೇ ರಬ್ಬರು ಊದ್ಕೊಂಡು ಬಿರಿಯುತ್ತೆ. ಆದ್ರೆ ಇದು 98ರ ರಬ್ಬರು ಮಾರಾಯ್ರೆ. ಹಾಲು ಹಾಕಿದ್ರೂ ಒಡೀತಿತ್ತೇನೋ.

ಸರಿ, ಸಿಕ್ತಲ್ಲ, ಪೈಪ್ ಬದಲಾಯಿಸಿದ್ರೆ ಮುಗೀತು ಅಂತ ಖುಷೀಲಿ ಹೋದೆ. ಭಾನುವಾರ, ಚಿಕ್ಕಮಗಳೂರಿನ ಐ.ಜಿ. ರೋಡಲ್ಲಿ ಅರ್ಧ ಅಂಗಡಿ ಬಾಗಿಲು ಹಾಕಿತ್ತು. ತೆರೆದಿದ್ದ ಒಂದು ಗ್ಯಾರೇಜಲ್ಲಿ ತೋರಿಸ್ದೆ. ಅವನು ಪೌಡರ್ ನೋಡಿ ನಕ್ಕ. "ಗಾಡಿಗೆ ಮೇಕಪ್ಪಾ ಸಾರ್?" ಪಕ್ಕದ ಹುಡುಗರೂ ನಕ್ರು. ನಾನೂ ನಕ್ಕೆ, ಇನ್ನೇನು ಮಾಡ್ಲಿ. ಆಮೇಲೆ ಒಳಗೆ ಹೋಗಿ ಒಂದು ರೇಡಿಯೇಟರ್ ಪೈಪ್ ತುಂಡು ತಂದ, "ಇದನ್ನೇ ಹಾಕೋಣ, ಬಗ್ಗುತ್ತೆ" ಅಂತ. ನೀರಿಗಂತ ಮಾಡಿದ ರಬ್ಬರು ಸ್ವಾಮಿ ಅದು! ಪೆಟ್ರೋಲ್ ತಾಗಿದ್ರೆ ಊದ್ಕೊಂಡು ಮೆತ್ತಗಾಗುತ್ತೆ. ಬೇಡ ಅಂದೆ. "ಹಂಗಾದ್ರೆ ಸೋಪ್ ಮೆತ್ತಿ ಓಡಿಸಿ, ಇಲ್ಲಾ ಗುಜರಿಗೆ ಕೊಟ್ಬಿಡಿ." ಬಾಯಲ್ಲಿ ಬೀಡಿ. ನನ್ನ ಗಾಡಿ ಪಕ್ಕ. ಬೀಡಿ.

ಸೋಪು ಮೆತ್ತಿದೀನಿ. ನಗಬೇಡಿ. ಪೆಟ್ರೋಲಿಗೆ ಸೋಪು ಕರಗಲ್ಲ, ಸ್ವಲ್ಪ ಹೊತ್ತು ತಡೆಯುತ್ತೆ. ಈಗ ನನ್ನ ಗಾಡಿ ಜಿಲ್ಲೆಯಲ್ಲೇ ಅತಿ ಸ್ವಚ್ಛವಾದ ಗಾಡಿ: ಮೇಲೆ ಪೌಡರ್, ಕೆಳಗೆ ಬಟ್ಟೆ ಸೋಪು. ಇನ್ನು ಅರಿಶಿನ ಕುಂಕುಮ ಇಟ್ಟು ಚಿಕ್ಕಮ್ಮನ ಕೈಲಿ ಆರತಿ ಎತ್ತಿಸೋದೊಂದು ಬಾಕಿ. ಅವರಂತೂ ನಿನ್ನೆ ವಾಪಸ್ ಬಸ್ಸಲ್ಲೇ ಹೋದ್ರು.

ಮಾರಿಬಿಡ್ತೀನಿ. ಸಾಕಾಗಿದೆ. ಆದ್ರೆ ಯಾರು ಎಷ್ಟು ಕೊಡ್ತಾರೆ? ಆರ್‌ಸಿ ರಿನ್ಯೂ ಮಾಡಿಸೋಕೆ ಆರ್‌ಟಿಓ ಹತ್ರ ಅಲೆದಿದ್ದಕ್ಕೂ ಸಾಲಲ್ಲ. ಮಾರಲ್ಲ. ಇಂಜಿನ್ ಇವತ್ತಿಗೂ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದೇಳುತ್ತೆ. ಒಂದು ಗೇಣು ರಬ್ಬರಿಗೋಸ್ಕರ ಗುಜರಿಗೆ ಹಾಕ್ಬೇಕಾ? ನೀವೇ ಹೇಳಿ. ಯಾರಾದ್ರೂ ಹೇಳಿ!

ಕಾರ್ಬ್ಯುರೇಟರ್ ಮಾಡೆಲ್ 800ರ ಫಿಲ್ಲರ್ ಪೈಪ್, ಅದೇ ಆ ಸೀಳಿದ ರಬ್ಬರ್ ಪೈಪು, ಬೆಂಡ್ ಇರೋದು, ಪಕ್ಕದ ಸಣ್ಣ ಗಾಳಿ ಪೈಪ್ ಸಮೇತ ಬೇಕು. ಹಾಸನ, ಕಡೂರು, ಸಕಲೇಶಪುರ ಎಲ್ಲಿದ್ರೂ ಬರ್ತೀನಿ. ಗುಜರಿ ಗಾಡಿಯಿಂದ ಬಿಚ್ಚಿದ್ದು ಬೇಡ, ಅದೂ ಇದೇ ವಯಸ್ಸಿಂದು. ಗಾಡಿ ಸ್ಪೇರ್ ಪಾರ್ಟ್ಸ್ ಸಿಗೋ ಬೆಂಗಳೂರು ಜೆ.ಸಿ. ರೋಡಿಗೆ ಹೋಗಿ ಅಂತ ಮಾತ್ರ ಹೇಳಬೇಡಿ. ಅಲ್ಲಿವರೆಗೆ ಹೋಗೋಕೆ ಟ್ಯಾಂಕ್ ಫುಲ್ ಮಾಡಿಸ್ಬೇಕು.